ಶಿಷ್ಯವಾಹನ ಮೀಮಾಂಸೆ

ಸೂತ್ರ 1: ಎಲ್‌ಎಲ್ ಕೈಗೆ ಬಂದ ಮೇಲೆ ಕಾರಿನ ವಿಚಾರ.

ಭಾಷ್ಯ: ಎಲ್‌ಎಲ್ ಬರುವ ಮುಂಚೆ ಹುಟ್ಟಿದ್ದು ಆಸೆ, ಬಂದ ಮೇಲೆ ಹುಟ್ಟಿದ್ದು ವಿಚಾರ. ಹದಿನೆಂಟು ತುಂಬಿ, ಟ್ರಾಫಿಕ್ ಚಿಹ್ನೆಗಳನ್ನು ಗುರುತಿಸಿ, ಕಲಿಕಾ ಪರವಾನಗಿ ಪಡೆದ ಜೀವವೇ ಈ ಶಾಸ್ತ್ರಕ್ಕೆ ಅಧಿಕಾರಿ. ಆ ಪರವಾನಗಿಯ ಆಯುಸ್ಸು ಆರು ತಿಂಗಳು; ಮೊದಲ 30 ದಿನ ಕಳೆಯದೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು 'ಎಲ್' ಇರಬೇಕು, ಪಕ್ಕದಲ್ಲಿ ಡಿಎಲ್ ಇರುವವರೊಬ್ಬರು ಕೂತಿರಬೇಕು ಎಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ವಿಧಿ. ಆ ಒಬ್ಬರು ಅಪ್ಪನಾದರೆ ಬೈಗುಳ, ಗಂಡನಾದರೆ ಬಿಗುಮೌನ, ಸೋದರಮಾವನಾದರೆ ಆತ ಘಾಟಿಯಲ್ಲಿ ಫಿಯೆಟ್ ಇಳಿಸಿದ ಕಥೆ ಉಚಿತವೆಂದು ನಿಯಮದಲ್ಲಿಲ್ಲ, ಆದರೂ ಸಂಪ್ರದಾಯಸಿದ್ಧ.

ಸೂತ್ರ 2: ಹೊಸತೇ ಇರಲಿ ಎಂಬುದು ಪೂರ್ವಪಕ್ಷ.

ಭಾಷ್ಯ: ಇದನ್ನು ಮಂಡಿಸುವವರು ಸಾಮಾನ್ಯವಾಗಿ ಬ್ಯಾಂಕಿನಲ್ಲಿರುವ ಭಾವ. "ಹಳೇ ಗಾಡಿ ಅಂದ್ರೆ ತಲೆನೋವು ಕಣಮ್ಮ. ಸ್ವಲ್ಪ ಡೌನ್‌ಪೇಮೆಂಟ್ ಕಟ್ಟು, ಉಳಿದದ್ದು ಇಎಂಐ ನೋಡ್ಕೊಳ್ಳುತ್ತೆ." ಖಂಡನೆ ಹೀಗೆ: ಇಎಂಐ ಯಾರನ್ನೂ ನೋಡಿಕೊಂಡ ದಾಖಲೆಯಿಲ್ಲ, ನಾವೇ ಅದನ್ನು ನೋಡಿಕೊಳ್ಳಬೇಕು. ಮೇಲಾಗಿ ಹೊಸ ಕಾರಿನಲ್ಲಿ ಕಲಿಯುವವರ ಕಣ್ಣು ರಸ್ತೆಯ ಮೇಲಿರದೆ ಬಂಪರಿನ ಮೇಲಿರುತ್ತದೆ. ಗೇಟಿನ ಕಂಬಕ್ಕೆ ಬಾಗಿಲು ಉಜ್ಜಿದ ದಿನ ಮನೆಯಲ್ಲಿ ಸೂತಕ, ಮಾರನೆಯ ದಿನದಿಂದ ಕಾರಿಗೆ ಹೊದಿಕೆ, ಕಲಿಕೆಗೆ ವಿದಾಯ. ಆದುದರಿಂದ ಹಳೆಯದೇ ಗ್ರಾಹ್ಯ.

ಸೂತ್ರ 3: ಪ್ರಮಾಣಗಳು ಆರು.

ಭಾಷ್ಯ: ಈ ವಿಷಯದಲ್ಲಿ ನಾವು ಆರು ಪ್ರಮಾಣಗಳನ್ನು ಒಪ್ಪುವ, ಮೀಮಾಂಸೆಯ ಭಾಟ್ಟ ಮತದವರು, ಆರಕ್ಕಿಂತ ಕಡಿಮೆ ಪ್ರಮಾಣ ಇಟ್ಟುಕೊಂಡು ಹಳೇ ಕಾರು ನೋಡಲು ಹೋಗುವುದು ದುಸ್ಸಾಹಸ.

ಮೊದಲನೆಯದು ಶಬ್ದ. ಮೀಮಾಂಸಕರು ಶಬ್ದವನ್ನು ಪರಮಪ್ರಮಾಣವೆಂದರು. ಅವರಲ್ಲಿ ಯಾರೂ ಹಳೇ ಕಾರು ಕೊಂಡವರಲ್ಲ. ಇಲ್ಲಿನ ಶಬ್ದರಾಶಿ ಅಪೌರುಷೇಯ, ಯಾವ ಬ್ರೋಕರ್ ಮೊದಲು ಹೇಳಿದನೆಂದು ಯಾರಿಗೂ ಗೊತ್ತಿಲ್ಲ, ಆದರೆ ಬೀದರಿನಿಂದ ಚಾಮರಾಜನಗರದವರೆಗೆ ಪಾಠಾಂತರವಿಲ್ಲ: "ಸಿಂಗಲ್ ಓನರ್ ಸಾರ್. ಡಾಕ್ಟರ್ ಓಡ್ಸಿದ್ದು. ಮನೆಯಿಂದ ನರ್ಸಿಂಗ್ ಹೋಮು, ನರ್ಸಿಂಗ್ ಹೋಮಿಂದ ಮನೆ. ಎಂಜಿನ್ ಇನ್ನೂ ಟಚ್ ಮಾಡಿಲ್ಲ." ಈ ಶಬ್ದವನ್ನು ಒಪ್ಪಿದರೆ ನಾಡಿನಲ್ಲಿ ವೈದ್ಯರಿಗಿಂತ ವೈದ್ಯರ ಕಾರುಗಳೇ ಹೆಚ್ಚೆಂದು ಒಪ್ಪಬೇಕಾಗುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರಿನ ಪೇಟೆಯನ್ನೇ ಉದಾಹರಣೆಯಾಗಿಟ್ಟು ಒಂದು ಪ್ರಬಂಧ ಬರೆದರು. ಗಾಡಿಯ ಮರ್ಮ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲಕ್ಕೂ ಸರಾಸರಿ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವರು ಮಾರಲೊಲ್ಲದೆ ಹಿಂದೆ ಸರಿಯುತ್ತಾರೆ. ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. 2001ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಇದೇ ಸಿದ್ಧಾಂತವನ್ನು ನಮ್ಮ ಬೀದಿಯ ಮೆಕ್ಯಾನಿಕ್ "ಒಳ್ಳೇ ಗಾಡಿ ಯಾಕ್ ಸಾರ್ ಮಾರ್ತಾರೆ?" ಎಂಬ ಏಕವಾಕ್ಯದಲ್ಲಿ ಅಡಗಿಸಿ, ಬಾನೆಟ್ ಮುಚ್ಚಿ, ಟೀ ಕುಡಿಯಲು ಹೋದ.

ಎರಡನೆಯದು ಪ್ರತ್ಯಕ್ಷ. ಬೆಳಗ್ಗೆ ಬೇಗ ಹೋಗಿ, ಮಾತಿಗೆ ಮುಂಚೆ ಬಾನೆಟ್ ಮೇಲೆ ಅಂಗೈ ಇಡಬೇಕು. ಬಿಸಿಯಿದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಆಗದ ರೋಗವನ್ನು ಮುಚ್ಚಲು ಯಾರೋ ಮೊದಲೇ ಓಡಿಸಿಟ್ಟಿರಬಹುದು. ಆಯಿಲ್ ಮುಚ್ಚಳ ಬಿಚ್ಚಿದಾಗ ಒಳಗೆ ಮಜ್ಜಿಗೆಯಂಥ ನೊರೆ ಕಂಡರೆ ಆಯಿಲಿಗೆ ನೀರು ಸೇರುತ್ತಿದೆ ಎಂಬ ಶಂಕೆ. ಹೆಡ್ ಗ್ಯಾಸ್ಕೆಟ್ ಖರ್ಚು ಬೇಡವಾದರೆ ಅಲ್ಲಿಂದಲೇ ನಮಸ್ಕಾರ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ನಿಧಾನವಾಗಿ ಬಿಡಬೇಕು. ಎಂಜಿನ್ ಗಕ್ಕನೆ ಆಫ್ ಆದರೆ ಶುಭ. ಗೊಣಗುತ್ತಾ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಕರಾವಳಿಯ ಗಾಡಿಯಾದರೆ ನೆಲಕ್ಕೆ ಕೂತು ತಳ ನೋಡಬೇಕು, ಉಪ್ಪುಗಾಳಿ ಬಣ್ಣದ ಹಿಂದಿನಿಂದ ತಿನ್ನುತ್ತದೆ. ನೆರೆಯಲ್ಲಿ ಮುಳುಗಿದ ಗಾಡಿಗೆ ಪಾಲಿಶ್ ಹೊಡೆಯುವವರು ಸೀಟ್‌ಬೆಲ್ಟ್ ಮರೆಯುತ್ತಾರೆ. ಅದನ್ನು ಕೊನೆಯವರೆಗೂ ಎಳೆಯಿರಿ. ಸುರುಳಿಯ ಒಳಗಿದ್ದ ಪಟ್ಟಿಯಲ್ಲಿ ಮಣ್ಣುಬಣ್ಣದ ಅಡ್ಡಗೆರೆ ಕಂಡರೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೊತ್ತಾಗುತ್ತದೆ.

ಮೂರನೆಯದು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯುಂಟೆಂದು ತಾರ್ಕಿಕರು ಶತಮಾನಗಳ ಕಾಲ ವಾದಿಸಿದರು. ಅವರು ಹೊಗೆಯ ಬಣ್ಣ ಕೇಳಲಿಲ್ಲ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ; ಕಪ್ಪಾದರೆ ಇಂಧನ ಪೂರ್ತಿ ಉರಿಯುತ್ತಿಲ್ಲ; ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ. "ಚಳಿಗೆ ಹಂಗೆ ಸಾರ್" ಎಂಬುದು ಮೇ ತಿಂಗಳಲ್ಲಿ ಹೇತ್ವಾಭಾಸ.

ನಾಲ್ಕನೆಯದು ಉಪಮಾನ. ಕಾಡಿನ ಗವಯ ಹಸುವಿನಂತಿರುತ್ತದೆ ಎಂದು ಕೇಳಿದವನು ಕಾಡಿನಲ್ಲಿ ಅದನ್ನು ಗುರುತಿಸುತ್ತಾನೆ. ಪಕ್ಕದ ಮನೆಯವರ ಭಾವಮೈದುನ ಇಂಥದ್ದೇ ಆಲ್ಟೋ ಇಪ್ಪತ್ತು ಸಾವಿರ ಕಡಿಮೆಗೆ ಕೊಂಡ ಎಂದು ಕೇಳಿದವನು ಚೌಕಾಸಿ ಮಾಡುತ್ತಾನೆ. ಆ ಭಾವಮೈದುನನನ್ನು ಯಾರೂ ನೋಡಿರುವುದಿಲ್ಲ, ಗವಯದ ಹಾಗೆಯೇ.

ಐದನೆಯದು ಅರ್ಥಾಪತ್ತಿ, ಈ ಶಾಸ್ತ್ರದ ಕಿರೀಟ. ದಪ್ಪಗಿರುವ ದೇವದತ್ತ ಹಗಲಿನಲ್ಲಿ ಉಣ್ಣುವುದಿಲ್ಲ, ಅಂದಮೇಲೆ ರಾತ್ರಿ ಉಣ್ಣುತ್ತಾನೆ ಎಂಬುದು ಪಾಠಶಾಲೆಯ ಉದಾಹರಣೆ. ಮೀಟರ್ 28,000 ಕಿ.ಮೀ. ಎನ್ನುತ್ತದೆ. ಆದರೆ ಬ್ರೇಕ್ ಪೆಡಲಿನ ರಬ್ಬರಿನಲ್ಲಿ ಗೆರೆಗಳೇ ಇಲ್ಲ, ಬಲಮೂಲೆಯಲ್ಲಿ ಕಬ್ಬಿಣ ಇಣುಕುತ್ತಿದೆ. ಸ್ಟೀರಿಂಗ್ ಕೈ ಹಿಡಿದ ಕಡೆ ಮಿರಮಿರ ಹೊಳೆಯುತ್ತಿದೆ. ಟಯರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ 2321 ಎಂದಿದೆ, ಅಂದರೆ 2021ರ 23ನೇ ವಾರದ ತಯಾರಿ. ಗಾಡಿ 2016ರದ್ದು. ಅಷ್ಟು ಕಡಿಮೆ ಓಡಿದ ಕಾರಿನ ಮೊದಲ ಟಯರುಗಳು ಎಲ್ಲಿ ಹೋದವು? ನಮ್ಮ ದೇವದತ್ತನೂ ರಾತ್ರಿ ಊಟದವನೇ. ಮೀಟರ್ ಹಿಂದಕ್ಕೆ ತಿರುಗಿದೆ.

ಆರನೆಯದು ಅನುಪಲಬ್ಧಿ: ಇಲ್ಲದಿರುವುದರಿಂದ ಬರುವ ಜ್ಞಾನ. ಸರ್ವೀಸ್ ಬುಕ್ ಇಲ್ಲ, ಎರಡನೇ ಕೀ ಇಲ್ಲ, ಸ್ಟೆಪ್ನಿ ಇಲ್ಲ, "ಓನರ್ ಊರಲ್ಲಿಲ್ಲ". ನಾಲ್ಕು ಇಲ್ಲಗಳು ಸೇರಿದರೆ ಒಂದು ಬೇಡ.

ಸೂತ್ರ 4: ಕಾರಿಗಿಂತ ಕಾಗದ ಗರೀಯ.

ಭಾಷ್ಯ: ಎಂಜಿನ್ ಕೆಟ್ಟರೆ ಮೆಕ್ಯಾನಿಕ್ ಉಂಟು, ಆರ್‌ಸಿ ಕೆಟ್ಟರೆ ದೇವರೂ ಆರ್‌ಟಿಒ ಕಡೆ ಕೈ ತೋರಿಸುತ್ತಾನೆ. ಚಾಸಿ ನಂಬರನ್ನು ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ನೋಡಬೇಕು. ಬ್ಯಾಂಕಿನ ಹೆಸರು ಆರ್‌ಸಿಯಲ್ಲಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರಂ 35 ಕೇಳಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಇನ್ಶೂರೆನ್ಸ್ ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಕೊಂಡವರು 14 ದಿನದೊಳಗೆ ಅರ್ಜಿ ಹಾಕಬೇಕು. ಹಳೇ ಓನರಿನ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಪುಣ್ಯದ ಹಾಗೆ ಅದು ಪರರಿಗೆ ಸಲ್ಲದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಹದಿನಾಲ್ಕು ವರ್ಷದ ಕಾರು ಅಷ್ಟು ಅಗ್ಗಕ್ಕೆ ಸಿಗುವುದು ದಾನಬುದ್ಧಿಯಿಂದಲ್ಲ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ಗಾಡಿಗಳ ಮೇಲೆ ನ್ಯಾಯಾಲಯದ ಆದೇಶ ಬಂದ ಮೇಲೆ ಅಲ್ಲಿಂದ ಅನೇಕ ಕಾರುಗಳು ದಕ್ಷಿಣಯಾತ್ರೆ ಹೊರಟವು. ಬೆಲೆ ಕೇಳಿ ಬೆರಗಾಗುವ ಮುಂಚೆ ಇಲ್ಲಿ ಕಟ್ಟಬೇಕಾದ ತೆರಿಗೆಯನ್ನೂ ಕೂಡಿಸಿ ನೋಡುವುದು ಪ್ರಾಜ್ಞಲಕ್ಷಣ.

ಸೂತ್ರ 5: ಒಳಗು ಶುದ್ಧ, ಹೊರಗು ಗೀಟು.

ಭಾಷ್ಯ: ಇದು ಸಿದ್ಧಾಂತ. ಪೇಟೆಯಲ್ಲಿ ಬೆಲೆ ಏರುವುದು ಬಣ್ಣಕ್ಕೆ, ಸೀಟ್ ಕವರಿಗೆ, ಮ್ಯೂಸಿಕ್ ಸಿಸ್ಟಮಿಗೆ. ಕಲಿಯುವವರನ್ನು ಕಾಯುವುದು ಬ್ರೇಕು, ಟಯರು, ಸ್ಟೀರಿಂಗು, ಬೆಲ್ಟು. ಆದ್ದರಿಂದ ಬಾಗಿಲಲ್ಲಿ ಗೀಟಿರುವ, ಬಂಪರ್ ಮೂಲೆ ತರಚಿದ, ಆದರೆ ಬ್ರೇಕ್ ಒತ್ತಿದರೆ ನೆಟ್ಟಗೆ ನಿಲ್ಲುವ ಸಣ್ಣ ಪೆಟ್ರೋಲ್ ಗಾಡಿಯೇ ಉತ್ತಮಪಾತ್ರ. ಮೊದಲ ಗೀಟನ್ನು ಬೇರೆಯವರು ಹಾಕಿ ಮುಗಿಸಿರುವುದರಿಂದ ಕಲಿಯುವವರ ಕೈ ನಡುಗುವುದಿಲ್ಲ, ಅಪ್ಪನ ರಕ್ತದೊತ್ತಡ ಏರುವುದಿಲ್ಲ, ಬೆಲೆಯೂ ಇಳಿದಿರುತ್ತದೆ. ಉಳಿದ ಹಣವನ್ನು ಹೊಸ ಟಯರಿಗೆ, ಬ್ರೇಕ್ ಪ್ಯಾಡಿಗೆ ಸುರಿಯಬೇಕು. ಕೈಯಲ್ಲಿ ಇನ್ನೂ ಸ್ವಲ್ಪ ಇದ್ದರೆ 2019ರ ಜುಲೈ ನಂತರ ತಯಾರಾದದ್ದನ್ನು ಹುಡುಕಬಹುದು. ಎಬಿಎಸ್ ಮತ್ತು ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು ಆ ವರ್ಷ. ಬಣ್ಣಕ್ಕೆ ಕೊಟ್ಟ ದುಡ್ಡು ಕಂಬಕ್ಕೆ ಹೋಗುತ್ತದೆ, ಇದಕ್ಕೆ ಕೊಟ್ಟದ್ದು ತಲೆಗೆ ಉಳಿಯುತ್ತದೆ.

ಪೂಜೆಯ ದಿನ ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಡುವ ವಿಧಿಯನ್ನು ಡಿಎಲ್ ಇರುವವರೇ ನೆರವೇರಿಸತಕ್ಕದ್ದು. ಕಲಿಯುವವರಿಗೆ ಬಿಟ್ಟರೆ ಮೊದಲನೇ ಗೇರ್ ಬದಲು ರಿವರ್ಸ್ ಬಿದ್ದು ಪುರೋಹಿತರು ಓಡಬೇಕಾದೀತು.

ಫಲಶ್ರುತಿ: ಇದನ್ನು ಓದಿದವರು ಒಂದೆರಡು ವರ್ಷದಲ್ಲಿ ಕಲಿತು, ದೊಡ್ಡ ಕಾರಿಗೆ ಆಸೆಪಟ್ಟು, ಇದನ್ನು ಮಾರಲು ನಿಲ್ಲುತ್ತಾರೆ. ಅವರಿಗಾಗಿ ವಿಕ್ರಯಖಂಡವೆಂಬ ಉತ್ತರಭಾಗವುಂಟು. ಅದರಲ್ಲಿ ಇಲ್ಲಿನ ಎಲ್ಲ ಸೂತ್ರಗಳೂ ತಲೆಕೆಳಗಾಗಿವೆ: ಶಬ್ದ ಪರಮಪ್ರಮಾಣ, ಪ್ರತ್ಯಕ್ಷ ಅಪಶಕುನ, ಗೀಟು ಪಾರ್ಕಿಂಗಿನಲ್ಲಿ ಯಾರೋ ಮಾಡಿದ್ದು. ತಲೆಕೆಳಗಾಗದೆ ಉಳಿದದ್ದು ಒಂದೇ, ಕಾಗದದ ಸೂತ್ರ. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸದೆ ಕೀ ಕೊಟ್ಟು ಕೈತೊಳೆದುಕೊಂಡವರ ಮೊಬೈಲಿಗೆ, ಆ ಕಾರು ಮುಂದೆ ಯಾವ ಊರಿನ ಯಾವ ಸಿಗ್ನಲ್ ಹಾರಿದರೂ, ದಂಡದ ಮೆಸೇಜ್ ತಪ್ಪದೆ ಬರುತ್ತಿರುತ್ತದೆ.