ರಮ್ಯಸ್ಥಳ ಮೀಮಾಂಸೆ: ಇಂಗ್ಲಿಷರ ನೆಚ್ಚಿನ ಊರುಗಳ ಶಾಸ್ತ್ರೀಯ ವಿವೇಚನೆ

ನೆಚ್ಚಿನ ಊರು ಎಂದರೇನು, ಅದು ಹುಟ್ಟುವುದು ಹೇಗೆ, ಅದನ್ನು ಕೆಡಿಸುವವರು ಯಾರು? ಈ ಮೂರು ಪ್ರಶ್ನೆಗಳ ಮೇಲೆ ಬ್ರಿಟನ್ನಿನಲ್ಲಿ ಎರಡೂವರೆ ಶತಮಾನದಿಂದ ಪುಸ್ತಕಗಳು ಬರುತ್ತಲೇ ಇವೆ. ಆದರೆ ವಿಷಯವನ್ನು ಸೂತ್ರ, ಭಾಷ್ಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಮಣೆಗಳ ಮೇಲೆ ಸಾಲಾಗಿ ಕೂರಿಸುವ ಕೆಲಸ ಮಾತ್ರ ಬಾಕಿ ಉಳಿದಿದೆ. ಆ ಕೊರತೆ ತುಂಬುವುದೇ ಈ ಪ್ರಬಂಧದ ಪ್ರಯೋಜನ. ಇದನ್ನು ಓದಲು ಅಧಿಕಾರಿಗಳು ಯಾರೆಂದರೆ, ವೀಸಾ ಸಿಕ್ಕವರು ಮತ್ತು ಸಿಗದವರು.

ಮೊದಲನೆಯ ಸೂತ್ರ: ರಮಣೀಯವಾದದ್ದಕ್ಕೆ ಬೆನ್ನು ಕೊಟ್ಟು ನಿಲ್ಲತಕ್ಕದ್ದು.

ಇದಕ್ಕೆ ಭಾಷ್ಯ ಹೀಗಿದೆ. ಹದಿನೆಂಟನೆಯ ಶತಮಾನದ ಸುಸಂಸ್ಕೃತ ಪ್ರವಾಸಿ ಜೇಬಿನಲ್ಲಿ ‘ಕ್ಲಾಡ್ ಗ್ಲಾಸ್’ ಎಂಬ ಕನ್ನಡಿ ಇಟ್ಟುಕೊಂಡು ಹೊರಡುತ್ತಿದ್ದ. ಅಂಗೈಯಗಲ, ಕಪ್ಪು ಛಾಯೆ, ನಡುವೆ ತುಸು ಉಬ್ಬು. ಬೆಟ್ಟ, ಕೆರೆ, ಕಣಿವೆ ಎದುರಾದ ಕೂಡಲೇ ಆತ ಅವಕ್ಕೆ ಬೆನ್ನು ತಿರುಗಿಸಿ, ಕನ್ನಡಿಯನ್ನು ಮುಖದ ಮುಂದೆ ಹಿಡಿದು, ಅದರಲ್ಲಿ ಬಿದ್ದ ಪ್ರತಿಬಿಂಬವನ್ನು ನೋಡುತ್ತಿದ್ದ. ಕನ್ನಡಿಗೆ ಹೆಸರು ಬಂದದ್ದು ಕ್ಲಾಡ್ ಲೊರೇನ್‌ನಿಂದ, ಆತ ಹಿಂದಿನ ಶತಮಾನದ ಫ್ರೆಂಚ್ ಚಿತ್ರಕಾರ. ಕನ್ನಡಿಯೊಳಗೆ ಇಂಗ್ಲೆಂಡು ಅವನ ಚಿತ್ರದ ಹಾಗೆ ಮಸುಕಾಗಿ, ಹೊಂಬಣ್ಣಕ್ಕೆ ತಿರುಗಿ ಕಾಣುತ್ತಿತ್ತು. ಶಂಕೆ: ಇಡೀ ದೃಶ್ಯ ಎದುರಿಗೇ ಇರುವಾಗ ಕನ್ನಡಿ ಏಕೆ? ಸಮಾಧಾನ: ಎದುರಿಗಿರುವುದು ತೀರಾ ದೊಡ್ಡದು, ತೀರಾ ಹಸಿರು, ಮೇಲಾಗಿ ಅದಕ್ಕೆ ಚೌಕಟ್ಟಿಲ್ಲ.

ಕವಿ ಥಾಮಸ್ ಗ್ರೇ 1769ರ ಅಕ್ಟೋಬರಿನಲ್ಲಿ ವಾಯವ್ಯ ಇಂಗ್ಲೆಂಡಿನ ಸರೋವರಸೀಮೆಯಾದ ಲೇಕ್ ಡಿಸ್ಟ್ರಿಕ್ಟಿನ ಕೆಸ್ವಿಕ್ ಬಳಿ ಈ ಕನ್ನಡಿಯನ್ನು ಬಿಚ್ಚಿ ಹಿಡಿದಿದ್ದಾಗಲೇ ಕೊಳಕು ಓಣಿಯೊಂದರಲ್ಲಿ ಅಂಗಾತ ಬಿದ್ದ. ಬೆರಳ ಗೆಣ್ಣುಗಳಿಗೆ ಪೆಟ್ಟಾಯಿತು. ಆದರೂ ಅಲ್ಲೇ ನಿಂತು ಸೂರ್ಯಾಸ್ತ ಮುಗಿಸಿಕೊಂಡೇ ಹೋದ, ಗೆಳೆಯನಿಗೆ ಆ ಸಂಗತಿ ಬರೆದೂ ಇಟ್ಟ. ಈ ಶಾಸ್ತ್ರಕ್ಕಾಗಿ ಗಾಯಗೊಂಡವರಲ್ಲಿ ಆದ್ಯನೆಂಬ ಗೌರವ ಅವನಿಗೆ ಸಲ್ಲಬೇಕೆಂದು ಪ್ರಬಂಧಕಾರರ ಮತ. ಬಂಡೆಯಂಚಿನಲ್ಲಿ ಸೆಲ್ಫಿ ತೆಗೆಯುವವರು ಇದೇ ಪರಂಪರೆಯ ಕಿರಿಯ ವಿದ್ಯಾರ್ಥಿಗಳು. ಅವರಿಗಾಗಿ ಬೇರೆ ಸೂತ್ರ ಬೇಕಿಲ್ಲ.

ಕನ್ನಡಿ ಹಿಡಿಯಲು ಕೈ ನೋಯುವವರಿಗೆ ಬೇರೆ ಅನುಕೂಲವಿತ್ತು. ಅದೇ ಸೀಮೆಯ ವಿಂಡರ್ಮಿಯರ್ ಸರೋವರದ ಪಶ್ಚಿಮ ದಡದಲ್ಲಿ 1790ರ ದಶಕದಲ್ಲಿ ಕ್ಲೇಫ್ ಸ್ಟೇಷನ್ ಎಂಬ ವೀಕ್ಷಣಾಮಂದಿರ ಎದ್ದಿತು. ಅದರ ಕಿಟಕಿಗಳಿಗೆ ಬಣ್ಣದ ಗಾಜು. ಹಳದಿ ಗಾಜಿನಲ್ಲಿ ನೋಡಿದರೆ ಬೇಸಿಗೆ, ಕಿತ್ತಳೆಯಲ್ಲಿ ಎಲೆಯುದುರುವ ಕಾಲ, ತಿಳಿಹಸಿರಿನಲ್ಲಿ ವಸಂತ, ಕಡುನೀಲಿಯಲ್ಲಿ ಬೆಳದಿಂಗಳು. ಮಧ್ಯಾಹ್ನದ ಊಟದೊಳಗೆ ಮೂರು ಋತು, ಒಂದು ರಾತ್ರಿ ಮುಗಿಸಿ ಕೆಳಗಿಳಿಯಬಹುದಿತ್ತು.

ಈ ಶಾಸ್ತ್ರದ ಪಾಣಿನಿ ಎಂದರೆ ಪಾದ್ರಿ ವಿಲಿಯಂ ಗಿಲ್ಪಿನ್. ವೇಲ್ಸಿನ ಗಡಿಯ ವೈ ನದಿಯಲ್ಲಿ 1770ರಲ್ಲಿ ದೋಣಿಯಲ್ಲಿ ಸಾಗಿ, 1782ರಲ್ಲಿ ಅದರ ಪುಸ್ತಕ ಪ್ರಕಟಿಸಿದ. ನದಿಯ ದಡದ ಟಿಂಟರ್ನ್ ಮಠದ ಅವಶೇಷ ಅವನಿಗೆ ಇಷ್ಟವಾಯಿತು. ಆದರೆ ಪೂರ್ತಿ ಅಲ್ಲ. ಗೋಡೆಗಳ ತ್ರಿಕೋನದ ನೆತ್ತಿಗಳು ಬಹಳ ಸರಿಯಾಗಿ ಉಳಿದುಬಿಟ್ಟಿವೆ, ಜಾಣನೊಬ್ಬ ಕೊಡತಿ ಹಿಡಿದು ಒಂದೆರಡನ್ನು ಒಡೆದರೆ ಚೆನ್ನಾಗಿತ್ತು ಎಂಬರ್ಥದ ಸಲಹೆ ಕೊಟ್ಟ. ಹಾಳು ಕಟ್ಟಡ ಸಾಕಷ್ಟು ಹಾಳಾಗಿಲ್ಲ ಎಂಬ ದೂರು ವಾಸ್ತುವಿಮರ್ಶೆಯಲ್ಲಿ ಅಪರೂಪದ್ದು. ಹತ್ತಿರದಲ್ಲೇ ಕಬ್ಬಿಣದ ಕುಲುಮೆಗಳಿದ್ದವು. ಇದ್ದಿಲು ಸುಡುವ ಹೊಗೆ ಬೆಟ್ಟದ ಮೇಲೆ ತೆಳುವಾಗಿ ಹರಡಿದ್ದು ಅವನಿಗೆ ಒಪ್ಪಿಗೆಯಾಯಿತು, ಕುಲುಮೆಯ ಗದ್ದಲ ಮಾತ್ರ ಒಪ್ಪಿಗೆಯಾಗಲಿಲ್ಲ. ಹಸುಗಳ ವಿಷಯದಲ್ಲಿ ಅವನದು ಇನ್ನೂ ಕಟ್ಟುನಿಟ್ಟು: ಎರಡು ಹಸು ಗುಂಪೆನಿಸುವುದಿಲ್ಲ, ಮೂರಾದರೆ ಎನಿಸುತ್ತದೆ, ನಾಲ್ಕನೆಯದು ಬಂದರೆ ಅದು ಸ್ವಲ್ಪ ಆಚೆ ನಿಲ್ಲಬೇಕು. ಜೇನ್ ಆಸ್ಟಿನ್ 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ನಾಯಕಿಯ ಬಾಯಿಂದ ಈ ನಿಯಮವನ್ನು ಹೇಳಿಸಿದ್ದಾಳೆ. ನಡೆದು ಹೋಗುತ್ತಿದ್ದ ಮೂವರು ದೊಡ್ಡಮನುಷ್ಯರ ಗುಂಪಿಗೆ ತಾನು ನಾಲ್ಕನೆಯವಳಾಗಿ ಸೇರಿದರೆ ದೃಶ್ಯ ಕೆಡುತ್ತದೆಂದು ಎಲಿಜಬೆತ್ ನಗುತ್ತಾ ಜಾರಿಕೊಳ್ಳುತ್ತಾಳೆ. ಆ ಮೂವರಿಗೆ ತಾವು ಯಾವ ಪ್ರಾಣಿಗಳ ಸ್ಥಾನದಲ್ಲಿದ್ದೇವೆಂದು ಹೊಳೆದಂತಿಲ್ಲ.

ಟಿಂಟರ್ನಿನಲ್ಲಿ ಗಿಲ್ಪಿನ್ನನಿಗೆ ಇನ್ನೊಂದು ಅನುಭವವಾಯಿತು. ಮಠದ ಪಾಳುಗೋಡೆಗಳ ನಡುವೆ ಬಡವರು ಗುಡಿಸಲು ಹಾಕಿಕೊಂಡಿದ್ದರು. ನೆಟ್ಟಗೆ ನಡೆಯಲೂ ಆಗದ ಹೆಂಗಸೊಬ್ಬಳು, ಸನ್ಯಾಸಿಗಳ ಗ್ರಂಥಾಲಯ ತೋರಿಸುತ್ತೇನೆ ಬನ್ನಿ ಎಂದು ಅವನನ್ನು ಕರೆದೊಯ್ದಳು. ಕಾಲೆಳೆಯುತ್ತಾ ಅವಳು ತಲುಪಿಸಿದ್ದು ನೀರು ಜಿನುಗುವ ಗೋಡೆಗಳ ಒಂದು ಗೂಡಿಗೆ. ಅದು ಅವಳ ಮನೆ. ಅವಳಿಗೆ ಹೇಳಲಿಕ್ಕಿದ್ದದ್ದು ಸನ್ಯಾಸಿಗಳ ಕಥೆಯಲ್ಲ, ತನ್ನದೇ ಕಥೆ. ಗಿಲ್ಪಿನ್ ಅದನ್ನು ಮುಚ್ಚಿಡದೆ ಬರೆದ, ಅಷ್ಟರ ಮಟ್ಟಿಗೆ ಅವನು ಪ್ರಾಮಾಣಿಕ. ಆದರೆ ಹಸು ಎಲ್ಲಿ ನಿಲ್ಲಬೇಕೆಂದು ವಿಧಿಸಿದ ಶಾಸ್ತ್ರ ಈಕೆ ಎಲ್ಲಿ ನಿಲ್ಲಬೇಕೆಂದು ಹೇಳುವುದಿಲ್ಲ.

ಅದನ್ನು ಹೇಳುವುದು ಎರಡನೆಯ ಸೂತ್ರ: ಗ್ರಾಮವಿರಲಿ, ಗ್ರಾಮಸ್ಥರು ಬೇಡ.

ಇದರ ಶುದ್ಧ ಪ್ರಯೋಗ ಡಾರ್ಸೆಟ್ ಕೌಂಟಿಯಲ್ಲಿ ನಡೆಯಿತು. ಜೋಸೆಫ್ ಡೇಮರ್ ಎಂಬ ಶ್ರೀಮಂತನ ಬಂಗಲೆಗೆ ಅಂಟಿಕೊಂಡೇ ಮಿಡಲ್ಟನ್ ಎಂಬ ಹಳೆಯ ಪೇಟೆಯಿತ್ತು: ಅಂಗಡಿ, ಶಾಲೆ, ಹೆಂಡದಂಗಡಿ, ಎಲ್ಲವೂ. ಕಿಟಕಿಯಿಂದ ನೋಡಿದರೆ ಅದೇ ಕಣ್ಣಿಗೆ ಬೀಳುತ್ತಿತ್ತು. ಆತ ಉದ್ಯಾನಶಿಲ್ಪಿ ‘ಕೇಪಬಿಲಿಟಿ’ ಬ್ರೌನ್‌ನನ್ನು ಕರೆಸಿ, ವರ್ಷಾನುಗಟ್ಟಲೆ ಮನೆಗಳನ್ನು ಒಂದೊಂದಾಗಿ ಕೆಡವಿಸಿ, ಜನರಿಗೆ ದೃಷ್ಟಿಗೆ ಬೀಳದ ಕಣಿವೆಯೊಂದರಲ್ಲಿ ಒಂದೇ ಅಚ್ಚಿನ ಹುಲ್ಲುಚಾವಣಿ ಮನೆಗಳನ್ನು ಕಟ್ಟಿಸಿಕೊಟ್ಟ. ಜಾಗ ಬಿಡಲೊಪ್ಪದ ವಕೀಲನೊಬ್ಬನ ಮನೆಗೆ ಕೊಳದ ತೂಬು ಎತ್ತಿಸಿ ನೀರು ನುಗ್ಗಿಸಿದನೆಂಬ ಕಥೆ ಆ ಸೀಮೆಯಲ್ಲಿ ಇಂದಿಗೂ ಇದೆ. ಈಗ ತಮಾಷೆ ನೋಡಿ. ಕಣ್ಣಿಗೆ ಬೀಳದಿರಲೆಂದು ದೂಡಿದ ಆ ಹೊಸ ಊರೇ, ಮಿಲ್ಟನ್ ಅಬಾಸ್, ಇವತ್ತು ಇಂಗ್ಲೆಂಡಿನ ಅತಿ ಹೆಚ್ಚು ಫೋಟೊ ತೆಗೆಸಿಕೊಳ್ಳುವ ಹಳ್ಳಿಗಳಲ್ಲಿ ಒಂದು.

ಎಲ್ಲರನ್ನೂ ಓಡಿಸಿದರೆ ದೃಶ್ಯ ಬಿಕೋ ಎನ್ನುವುದೂ ನಿಜ. ಅದಕ್ಕೆ ಪರಿಹಾರವಾಗಿ ಸಂಬಳದ ಮನುಷ್ಯನನ್ನು ಇಡಬಹುದು. ಸರ್ರೆಯ ಪೇನ್ಸ್‌ಹಿಲ್ ಉದ್ಯಾನದಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಒಬ್ಬ ಸನ್ಯಾಸಿಯನ್ನು ನೇಮಿಸಿಕೊಂಡ. ಏಳು ವರ್ಷ ಕೂದಲು, ಉಗುರು ಕತ್ತರಿಸದೆ, ಯಾರೊಡನೆಯೂ ಮಾತಾಡದೆ ಕುಟೀರದಲ್ಲಿದ್ದರೆ ಏಳುನೂರು ಪೌಂಡು. ಸನ್ಯಾಸಿ ಮೂರೇ ವಾರಕ್ಕೆ ಊರಿನ ಹೆಂಡದಂಗಡಿಯಲ್ಲಿ ಸಿಕ್ಕಿಬಿದ್ದನೆಂದು ಪ್ರತೀತಿ.

ಇಪ್ಪತ್ತನೆಯ ಶತಮಾನದಲ್ಲಿ ಡೇಮರ್‌ನ ಕೆಲಸವನ್ನು ಸಿನಿಮಾ ಕಂಪನಿಗಳು ವಹಿಸಿಕೊಂಡವು. ವಿಲ್ಟ್‌ಶೈರಿನ ಕ್ಯಾಸಲ್ ಕೂಂಬ್ ಹಳ್ಳಿಯಲ್ಲಿ 1966ರಲ್ಲಿ ‘ಡಾಕ್ಟರ್ ಡೂಲಿಟಲ್’ ಚಿತ್ರೀಕರಣಕ್ಕಾಗಿ ಮನೆಗಳ ಮೇಲಿನ ಟಿ.ವಿ. ಆಂಟೆನಾಗಳನ್ನು ಕಳಚಿ, ಪುಟ್ಟ ತೊರೆಗೆ ಅಡ್ಡಗಟ್ಟೆ ಹಾಕಿದರು. ಸಿಟ್ಟಿಗೆದ್ದ ಯುವ ಸೈನಿಕನೊಬ್ಬ ಸೇನೆಯ ಸ್ಫೋಟಕ ತಂದು ಆ ಕಟ್ಟೆಯನ್ನು ಹಾರಿಸಲು ಹೊರಟು ಸಿಕ್ಕಿಬಿದ್ದು, ವಿಶೇಷ ಪಡೆಯಿಂದ ಹೊರಬಿದ್ದ. ಅವನ ಹೆಸರು ರಾನಲ್ಫ್ ಫೈನ್ಸ್. ಮುಂದೆ ಎರಡೂ ಧ್ರುವಗಳನ್ನು ಮುಟ್ಟಿ ಬಂದ ಪ್ರಸಿದ್ಧ ಸಾಹಸಿ. ಗಿಲ್ಪಿನ್ ಕೊಡತಿ ಕೇಳಿದ್ದು ಗೋಡೆ ಒಡೆಯಲು, ಫೈನ್ಸ್ ಮದ್ದು ತಂದದ್ದು ಹಳ್ಳಿಯನ್ನು ಬಿಡಿಸಲು. ಪ್ರಬಂಧಕಾರರ ಒಲವು ಎರಡನೆಯವನ ಕಡೆಗಿದೆ.

ಈಗ ವರ್ಣಾಧ್ಯಾಯ. ಕಾಟ್ಸ್‌ವಲ್ಡ್ಸ್ ಪ್ರದೇಶದ ಬೈಬರಿ ಹಳ್ಳಿಯನ್ನು ವಿನ್ಯಾಸಕಾರ ವಿಲಿಯಂ ಮಾರಿಸ್ ಇಂಗ್ಲೆಂಡಿನ ಅತ್ಯಂತ ಸುಂದರ ಗ್ರಾಮವೆಂದು ಹೊಗಳಿದ್ದನಂತೆ. ಅಲ್ಲಿನ ಆರ್ಲಿಂಗ್ಟನ್ ರೋ ಎಂಬ ಜೇನುಬಣ್ಣದ ಕಲ್ಲುಮನೆಗಳ ಸಾಲು ಹದಿನಾಲ್ಕನೆಯ ಶತಮಾನದ ಉಣ್ಣೆಯ ಉಗ್ರಾಣ. ಆಮೇಲೆ ನೇಕಾರರ ಮನೆಯಾಯಿತು. ಆ ಸಾಲಿನ ಬಳಿ ವಾಸಿಸುತ್ತಿದ್ದ ಹಿರಿಯರೊಬ್ಬರು ತಮ್ಮ ಪುಟ್ಟ ಹಳದಿ ಕಾರನ್ನು ಮನೆಯ ಹತ್ತಿರ ನಿಲ್ಲಿಸುತ್ತಿದ್ದರು. ಫೋಟೊ ಕೆಡುತ್ತದೆಂದು ಪ್ರವಾಸಿಗರು ಗೊಣಗಿದರು. ಕಡೆಗೆ 2017ರಲ್ಲಿ ಯಾರೋ ಕಾರಿನ ಗಾಜು ಒಡೆದು, ಮೈಗೆ ಗೀರು ಹಾಕಿ ಹೋದರು. ಆ ಏಪ್ರಿಲ್ ಒಂದರಂದು ದೇಶದ ನಾನಾ ಕಡೆಯಿಂದ ಹಳದಿ ಕಾರುಗಳ ಮೆರವಣಿಗೆಯೇ ಬೈಬರಿಗೆ ಬಂದಿತು. ಫೋಟೊ ಕೆಡಿಸುವ ಸಾಮೂಹಿಕ ಸತ್ಯಾಗ್ರಹ ಎಂದು ಇದನ್ನು ಕರೆಯಬಹುದು.

ಬಾತ್ ನಗರದ ರಾಯಲ್ ಕ್ರೆಸೆಂಟಿನಲ್ಲೂ ಹಳದಿಯೇ ವ್ಯಾಜ್ಯ. 1767ರಿಂದ 1775ರ ನಡುವೆ ಕಿರಿಯ ಜಾನ್ ವುಡ್ ಬಾಲಚಂದ್ರಾಕಾರದಲ್ಲಿ ಕಟ್ಟಿದ ಮೂವತ್ತು ಮನೆಗಳಿವು. ಮುಂದಿನ ಮುಖ ಒಂದೇ ಅಳತೆ, ಒಂದೇ ಕಂಬಸಾಲು. ಹಿಂದುಗಡೆ ಮನೆ ಕೊಂಡವರು ತಮಗೆ ಬೇಕಾದಂತೆ ಕಟ್ಟಿಕೊಂಡ ಕಲಸುಮೇಲೋಗರ. ಅಷ್ಟು ವೈವಿಧ್ಯವನ್ನು ಹಿತ್ತಲಲ್ಲಿ ಸಹಿಸಿಕೊಂಡ ನಗರ, 1970ರ ದಶಕದಲ್ಲಿ ಮಹಿಳೆಯೊಬ್ಬರು ಮುಂಬಾಗಿಲಿಗೆ ಹಳದಿ ಬಳಿದಾಗ ಸಹಿಸಲಿಲ್ಲ. ಉಳಿದ ಬಾಗಿಲುಗಳು ಬಿಳಿ. ನಗರಸಭೆ ನೋಟಿಸು ಕೊಟ್ಟಿತು, ಆಕೆ ಮೇಲ್ಮನವಿ ಹೋಗಿ ಗೆದ್ದರು. ಅತ್ತ ಲೇಕ್ ಡಿಸ್ಟ್ರಿಕ್ಟಿನಲ್ಲಿ ಕವಿ ವರ್ಡ್ಸ್‌ವರ್ತ್‌ಗೆ ಬಿಳಿಯೇ ಆಗದು. ಬೆಟ್ಟದ ಮಡಿಲಲ್ಲಿ ಸುಣ್ಣ ಬಳಿದ ಮನೆ ದೃಶ್ಯವನ್ನು ಹಾಳುಮಾಡುತ್ತದೆಂದು ತನ್ನ ಮಾರ್ಗದರ್ಶಿ ಪುಸ್ತಕದಲ್ಲಿ ಪುಟಗಟ್ಟಲೆ ವಾದಿಸಿದ್ದಾನೆ. ಇವುಗಳಿಂದ ಫಲಿತವಾಗುವ ನಿಯಮ: ಹಳದಿಯು ಕಿಟಕಿಯ ಗಾಜಿನಲ್ಲೂ ಡ್ಯಾಫೊಡಿಲ್ ಹೂವಿನಲ್ಲೂ ಗ್ರಾಹ್ಯ, ಬಾಗಿಲಿನಲ್ಲಿ ವಿವಾದಾಸ್ಪದ, ಕಾರಿನಲ್ಲಿ ದಂಡನೀಯ. ಬಿಳಿಯು ಬಾತ್‌ನಲ್ಲಿ ಕಡ್ಡಾಯ, ಲೇಕ್ ಡಿಸ್ಟ್ರಿಕ್ಟಿನ ಗ್ರಾಸ್ಮಿಯರಿನಲ್ಲಿ ನಿಷಿದ್ಧ.

ಪೂರ್ವಪಕ್ಷಿಗಳು ಇಲ್ಲಿ ಏಳುತ್ತಾರೆ: ಊರು ಮನುಷ್ಯನ ಕಟ್ಟಡ, ಅದರಲ್ಲಿ ಜಗಳ ಸಹಜ, ಪ್ರಕೃತಿಯಾದರೂ ಶುದ್ಧವಲ್ಲವೇ? ಸಮಾಧಾನ: ಅದೂ ಅಲ್ಲ. ನಾರ್ಫೋಕ್ ಬ್ರಾಡ್ಸ್‌ನ ಜಲರಾಶಿಗಳನ್ನು ಎಲ್ಲರೂ ಸ್ವಾಭಾವಿಕ ಸರೋವರಗಳೆಂದೇ ನಂಬಿದ್ದರು. ಸಸ್ಯಶಾಸ್ತ್ರಜ್ಞೆ ಜಾಯ್ಸ್ ಲ್ಯಾಂಬರ್ಟ್ 1950ರ ದಶಕದಲ್ಲಿ ಮಣ್ಣು ಕೊರೆದು ನೋಡಿದಾಗ ದಡಗಳು ಗೋಡೆಯಂತೆ ನೆಟ್ಟಗಿದ್ದವು. ಮಧ್ಯಯುಗದ ಜನ ಒಲೆಗೆಂದು ಪೀಟ್ ಎಂಬ ಉರುವಲು ಮಣ್ಣನ್ನು ತೋಡಿ ತೋಡಿ ಬಿಟ್ಟ ಗುಂಡಿಗಳು ಅವು. ನೀರಿನ ಮಟ್ಟ ಏರಿ ತುಂಬಿಕೊಂಡವು. ಲೇಕ್ ಡಿಸ್ಟ್ರಿಕ್ಟಿನ ಚೆಲುವೆಂದು ಎಲ್ಲರೂ ಕೊಂಡಾಡುವ ಟಾರ್ನ್ ಹೌಸ್, ಹತ್ತೊಂಬತ್ತನೆಯ ಶತಮಾನದಲ್ಲಿ ಜೇಮ್ಸ್ ಗಾರ್ತ್ ಮಾರ್ಷಲ್ ಎಂಬಾತ ಕಟ್ಟೆ ಹಾಕಿ ಚಿಕ್ಕಪುಟ್ಟ ಕೊಳಗಳನ್ನು ಕೂಡಿಸಿ ಮಾಡಿಸಿದ ಕೆರೆ. ಸುತ್ತಲಿನ ಬೋಳುಬೆಟ್ಟಗಳನ್ನು ಬೋಳಿಸಿದ್ದು ಕುರಿ. ಯುನೆಸ್ಕೊ 2017ರಲ್ಲಿ ಆ ಪ್ರದೇಶವನ್ನು ವಿಶ್ವಪರಂಪರೆಯ ತಾಣವೆಂದು ಘೋಷಿಸಿದಾಗ ಅರ್ಧ ಶಾಲು ಕುರಿಗಳಿಗೂ ಸಲ್ಲಬೇಕಿತ್ತು.

ಗಣಿತಾಧ್ಯಾಯವನ್ನು ಸಂಕ್ಷೇಪಿಸಬಹುದು. ಚಾರಣಿಗರ ಕೈಯಲ್ಲಿರುವ ಆರ್ಡನೆನ್ಸ್ ಸರ್ವೆ ನಕ್ಷೆ 1791ರಲ್ಲಿ ಆರಂಭವಾದ ಸೇನೆಯ ಕೆಲಸ. 1801ರ ಮೊದಲ ನಕ್ಷೆ ಕೆಂಟ್ ಕೌಂಟಿಯದು, ಕಾರಣ ಫ್ರೆಂಚರು ಅಲ್ಲಿ ಇಳಿದಾರೆಂಬ ಭಯ. ತೋಪು ಎಳೆಯುವವರಿಗಾಗಿ ಬರೆದದ್ದು ಈಗ ಸ್ಯಾಂಡ್‌ವಿಚ್ ಕಟ್ಟಿಕೊಂಡು ಹೋಗುವವರ ಪಾಲಾಗಿದೆ. ಸ್ಕಾಟ್‌ಲೆಂಡಿನಲ್ಲಿ ಸರ್ ಹ್ಯೂ ಮನ್ರೊ 1891ರಲ್ಲಿ ಮೂರು ಸಾವಿರ ಅಡಿ ಮೀರಿದ ಬೆಟ್ಟಗಳ ಪಟ್ಟಿ ಮಾಡಿದ. ತನ್ನ ಪಟ್ಟಿಯನ್ನು ತಾನೇ ಹತ್ತಿ ಮುಗಿಸದೆ 1919ರಲ್ಲಿ ತೀರಿಕೊಂಡ. ಪಟ್ಟಿಯಲ್ಲೀಗ 282 ಇವೆ. 2012ರಲ್ಲಿ ಮರುಅಳತೆ ಮಾಡಿದಾಗ ಬೆಟ್ಟವೊಂದು ಅರ್ಧ ಮೀಟರಿಗೂ ಕಡಿಮೆ ಅಂತರದಲ್ಲಿ ನಪಾಸಾಗಿ ಪಟ್ಟಿಯಿಂದ ಬಿತ್ತು. ಬೆಟ್ಟಕ್ಕೆ ಮರುಪರೀಕ್ಷೆಯ ಅವಕಾಶವಿಲ್ಲ.

ಈ ಅಧ್ಯಾಯದಲ್ಲಿ ಆಲ್ಫ್ರೆಡ್ ವೈನ್‌ರೈಟ್‌ಗೆ ಮಾತ್ರ ಪ್ರಬಂಧಕಾರರು ಟೋಪಿ ತೆಗೆಯುತ್ತಾರೆ. ಕೆಂಡಲ್ ಪುರಸಭೆಯ ಖಜಾಂಚಿ. ವಾರಾಂತ್ಯಗಳಲ್ಲಿ ಬಸ್ಸು ಹಿಡಿದು ಒಬ್ಬನೇ ಬೆಟ್ಟ ಹತ್ತುತ್ತಿದ್ದ. 214 ಬೆಟ್ಟಗಳ ಏಳು ಸಂಪುಟಗಳನ್ನು (1955–66) ಚಿತ್ರ, ನಕ್ಷೆ, ಅಕ್ಷರ ಎಲ್ಲವನ್ನೂ ಪೆನ್ನಿನಲ್ಲೇ ಬರೆದ. ಸಾಲುಗಳು ಬಲ ಅಂಚಿಗೆ ಸರಿಯಾಗಿ ಮುಟ್ಟುತ್ತಿಲ್ಲವೆಂದು ಮೊದಲು ಬರೆದ ನೂರರಷ್ಟು ಪುಟಗಳನ್ನು ಬಿಸಾಡಿ ಹೊಸದಾಗಿ ಶುರುಮಾಡಿದ. ಜನರೆಂದರೆ ಆಗದ ಈ ಮನುಷ್ಯನ ಪುಸ್ತಕ ಹಿಡಿದು ಜನ ಸಾಲುಗಟ್ಟಿ ಹತ್ತುತ್ತಿದ್ದಾರೆ.

ಅದೇ ಗತಿ ವರ್ಡ್ಸ್‌ವರ್ತ್‌ನದು. 1810ರಿಂದ 1835ರವರೆಗೆ ತಿದ್ದಿ ತಿದ್ದಿ ಲೇಕ್ ಡಿಸ್ಟ್ರಿಕ್ಟಿಗೆ ಮಾರ್ಗದರ್ಶಿ ಬರೆದ. ಓದಿದವರು ನೋಡಲು ಹೊರಟರು. ಅವರನ್ನು ಕರೆತರಲು ಕೆಂಡಲ್‌ನಿಂದ ವಿಂಡರ್ಮಿಯರಿಗೆ ರೈಲು ಹಾಕುತ್ತಾರೆಂದು ತಿಳಿದದ್ದೇ 1844ರಲ್ಲಿ ಪತ್ರಿಕೆಗೆ ಕಾಗದ ಬರೆದು, ಸಾನೆಟ್ಟನ್ನೂ ಬರೆದು ವಿರೋಧಿಸಿದ. ಕಾರ್ಖಾನೆಯ ಕೆಲಸಗಾರರಿಗೆ ಇಂಥ ಸೌಂದರ್ಯ ಸವಿಯುವ ಸಂಸ್ಕಾರವಿಲ್ಲವೆಂಬುದು ಅವನ ವಾದದ ಒಂದು ಎಳೆ. 1847ರಲ್ಲಿ ರೈಲು ಬಂತು.

ಕೊನೆಯದು ದೇಶಾಂತರಾಧ್ಯಾಯ. ನೆಚ್ಚಿನ ಊರನ್ನು ಹೋಗಿ ನೋಡುವ ಬದಲು ತರಿಸಿಕೊಳ್ಳುವುದು ಹೆನ್ರಿ ಫೋರ್ಡ್ ವಿಧಾನ. ಕಾಟ್ಸ್‌ವಲ್ಡ್ಸ್‌ನ ಚೆಡ್‌ವರ್ತ್ ಹಳ್ಳಿಯ ಮನೆಯೊಂದನ್ನು ಕೊಂಡು, ಕಲ್ಲುಕಲ್ಲಿಗೂ ನಂಬರು ಹಾಕಿಸಿ, 1930ರಲ್ಲಿ ಹಡಗಿನಲ್ಲಿ ಸಾಗಿಸಿ ಮಿಷಿಗನ್‌ನಲ್ಲಿ ಜೋಡಿಸಿದ. ಅಗ್ಗದ ವಿಧಾನವೆಂದರೆ ಬಿರುದು ಕೊಡುವುದು: ಕೊಡಗು ‘ಭಾರತದ ಸ್ಕಾಟ್‌ಲೆಂಡ್’. ಶಿಲ್ಲಾಂಗ್‌ಗೂ ಅಂಥದ್ದೇ ಬಿರುದಿದೆ. ಆದರೆ ಸ್ಕಾಟ್‌ಲೆಂಡಿನ ಇನ್ವರ್ನೆಸ್ಸಿನ ಯಾವ ಹೋಟೆಲೂ ತನ್ನನ್ನು ಬ್ರಿಟನ್ನಿನ ಮಡಿಕೇರಿ ಎಂದು ಕರೆದುಕೊಂಡಂತಿಲ್ಲ.

ಮೂರನೆಯದು ನಕಲು ಕಟ್ಟುವ ವಿಧಾನ. ಆಸ್ಟ್ರಿಯಾದ ಹಳ್ಳಿ ಹಾಲ್‌ಸ್ಟಾಟ್‌ಗೆ ಸುಮಾರು 750 ಜನಸಂಖ್ಯೆ. ಚೀನಾದ ಗುವಾಂಗ್‌ಡಾಂಗಿನಲ್ಲಿ 2012ರಲ್ಲಿ ಅದರ ತದ್ರೂಪವೇ ಎದ್ದಿತು. 2023ರಲ್ಲಿ ಮೂಲ ಊರಿನವರು ಸೆಲ್ಫಿ ನೂಕುನುಗ್ಗಲು ತಡೆಯಲು ಒಳ್ಳೆಯ ನೋಟಕ್ಕೇ ಅಡ್ಡಲಾಗಿ ಮರದ ಬೇಲಿ ಹಾಕಿದರು, ಟೀಕೆ ಬಂದಾಗ ತೆಗೆದರು. ಸ್ವಂತ ಊರಿನ ಸೊಬಗನ್ನು ಮುಚ್ಚುವ ಬೇಲಿ: ಎರಡನೆಯ ಸೂತ್ರಕ್ಕೆ ಊರವರು ಕೊಟ್ಟ ಉತ್ತರ ಇದೆಂದು ಗ್ರಹಿಸಬೇಕು.

ಶಾಂಘೈ ಹೊರವಲಯದ ಸೊಂಗ್‌ಜಿಯಾಂಗಿನಲ್ಲಿ 2006ರಲ್ಲಿ ತೆರೆದ ‘ಥೇಮ್ಸ್ ಟೌನ್’ನಲ್ಲಿ ಕಲ್ಲುಹಾಸಿದ ಬೀದಿ, ಕೆಂಪು ಟೆಲಿಫೋನ್ ಗೂಡು, ಬ್ರಿಸ್ಟಲಿನ ಚರ್ಚೊಂದರ ಮಾದರಿಯ ಚರ್ಚು ಎಲ್ಲವೂ ಇವೆ. ಡಾರ್ಸೆಟ್‌ನ ಲೈಮ್ ರೀಜಿಸ್ ಊರಿನ ಒಂದು ಪಬ್ಬನ್ನೂ ಅದರ ಪಕ್ಕದ ಮೀನುಕರಿಯುವ ಅಂಗಡಿಯನ್ನೂ ಯಾರನ್ನೂ ಕೇಳದೆ ನಕಲು ಮಾಡಿದ್ದಾರೆಂದು ಅಲ್ಲಿಂದ ದೂರು ಬಂತು. ಮನೆಗಳನ್ನು ಹೂಡಿಕೆಗೆಂದು ಕೊಂಡವರೇ ಹೆಚ್ಚಾದ್ದರಿಂದ ಊರು ಬಹುಕಾಲ ಖಾಲಿ ಹೊಡೆಯಿತು. ಬರುತ್ತಿದ್ದವರು ಮದುವೆಯ ಫೋಟೊ ತೆಗೆಸಿಕೊಳ್ಳುವ ಜೋಡಿಗಳು. ಡೇಮರ್ ತೂಬು ಎತ್ತಿಸಿ ಸಾಧಿಸಲು ಹೊರಟದ್ದು ಇಲ್ಲಿ ಒಂದು ಹನಿ ನೀರಿಲ್ಲದೆ ಸಿದ್ಧಿಸಿದೆ. ಆದ್ದರಿಂದ ಲಕ್ಷಣಗಳೆಲ್ಲ ಕೂಡಿಬಂದ ಏಕೈಕ ಇಂಗ್ಲಿಷ್ ಪಟ್ಟಣ ಚೀನಾದಲ್ಲಿದೆ ಎಂಬುದು ಸಿದ್ಧಾಂತ. ಆ ಕಡೆಗೆ ಮೆಟ್ರೊದ ಒಂಬತ್ತನೆಯ ಮಾರ್ಗ ಹೋಗುತ್ತದೆ. ವರ್ಡ್ಸ್‌ವರ್ತ್ ಇದ್ದಿದ್ದರೆ ಅದರ ಮೇಲೂ ಒಂದು ಸಾನೆಟ್ಟು ಬರುತ್ತಿತ್ತು.