ಮಿಲಿಟರಿ ಕಾಕಾನ ಪದಕಗಳು: ಒಂದು ಮೀಮಾಂಸೆ

ಯಾವ ಶಾಸ್ತ್ರಗ್ರಂಥಕ್ಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಇರತಕ್ಕದ್ದೆಂದು ಪೂರ್ವಸೂರಿಗಳು ವಿಧಿಸಿರುವುದರಿಂದ ಅವನ್ನು ಮೊದಲೇ ತೀರಿಸಿಬಿಡುವುದು ಲೇಸು. ಈ ಪ್ರಬಂಧದ ವಿಷಯ, ಕೊಪ್ಪಳ ಸೀಮೆಯ ಒಬ್ಬ ನಿವೃತ್ತ ಹವಾಲ್ದಾರರ ಎದೆಯ ಮೇಲಿನ ಪದಕಗಳು; ಪ್ರಯೋಜನ, ಶೂನ್ಯ; ಸಂಬಂಧ, ಆ ಪದಕಗಳಿಗೂ ಅದೇ ದೇಹದ ಮೇಲಿರುವ ಗಾಯದ ಕಲೆಗಳಿಗೂ ಇರಬೇಕಾಗಿದ್ದು ಇಲ್ಲದೆ ಹೋದದ್ದು; ಅಧಿಕಾರಿಯಾದರೋ, ಧ್ವಜವಂದನೆಯ ದಿನ ಬಿಸಿಲಿನಲ್ಲಿ ನಿಂತು, ಭಾಷಣ ಮುಗಿಯುವ ತನಕ ಮುಂದಿನ ಸಾಲಿನವರ ಪದಕಗಳನ್ನು ಎಣಿಸಿದ ಅನುಭವವುಳ್ಳ ಯಾವ ಸಹೃದಯನಾದರೂ ಆಗಬಹುದು.

ಇನ್ನು ದೇಶವಿಚಾರ. ಚರಿತ್ರನಾಯಕರ ನಿಜನಾಮವು ಲುಪ್ತವಾಗಿ ‘ಮಿಲಿಟರಿ ಕಾಕಾ’ ಎಂಬ ಅಂಕಿತವೊಂದೇ ಉಳಿದಿರುವುದರಿಂದ, ನಮ್ಮ ಪ್ರಾಚೀನ ಕವಿಗಳಿಗೆ ಒದಗಿದ ಗತಿಯೇ ಇವರಿಗೂ ಒದಗಿ, ನಾಲ್ಕು ತಾಲೂಕುಗಳು ಇವರನ್ನು ತಮ್ಮವರೆಂದು ಸಾಧಿಸಹೊರಟಿವೆ. ಕಲ್ಯಾಣದ ಚಾಲುಕ್ಯರ ಪರವಾಗಿ ಕತ್ತಿ ಹಿಡಿದ ಸಿಂದರ ರಾಜಧಾನಿ ತಮ್ಮದಾದ್ದರಿಂದ ಈ ವೀರನೂ ತಮ್ಮವನೇ ಎಂಬುದು ಯಲಬುರ್ಗಾದವರ ವಾದ. ಕುಮಾರರಾಮನ ಕುಮ್ಮಟದುರ್ಗ ತಮ್ಮ ಕಡೆಯದು, ಮೇಲಾಗಿ ಕಾಕಾ ಸೇನೆಯ ಲಂಗರಿನ ಅನ್ನವನ್ನು ಗೊಣಗದೆ ಉಂಡರೆಂಬುದು ಭತ್ತದ ನಾಡಿನ ರಕ್ತಕ್ಕೆ ಸಾಕ್ಷಿ ಎಂಬುದು ಗಂಗಾವತಿಯವರ ಪ್ರತಿವಾದ. ಮೊಣಕಾಲುದ್ದದ ನೀರು ಕಂಡರೂ ಅವರು ಬೆವರುತ್ತಿದ್ದರೆಂಬ ಒಂದೇ ಸಂಗತಿಯಿಂದ ಕುಷ್ಟಗಿಯವರು ತಮ್ಮ ಹಕ್ಕನ್ನು ನಿರ್ವಿವಾದವೆಂದು ಬಗೆದಿದ್ದಾರೆ. ಕೊಪ್ಪಳದವರು ವಾದಕ್ಕೇ ಇಳಿಯರು; ಪಿಂಚಣಿ ತಮ್ಮ ಊರಿನ ಬ್ಯಾಂಕಿಗೆ ಬರುತ್ತದೆಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಪಲ್ಟನ್ನಿನ ಕಾಗದಪತ್ರ ನೋಡಿದರೆ ಅಲ್ಲಿರುವುದು ‘ಜಿಲ್ಲಾ ರಾಯಚೂರು’. 1997ರಲ್ಲಿ ಕೊಪ್ಪಳ ಜಿಲ್ಲೆಯಾಗುವ ತನಕ ನಾಲ್ಕೂ ತಾಲೂಕುಗಳು ಅದರಲ್ಲಿಯೇ ಅಡಗಿದ್ದುದರಿಂದ ಈ ಪ್ರಮಾಣವು ಎಲ್ಲರಿಗೂ ಸಮನಾಗಿ ನಿರುಪಯುಕ್ತವಾಗಿದೆ.

ಕಾಲವಿಚಾರದಲ್ಲಿ ಮಾತ್ರ ಸಂಶೋಧಕನಿಗೆ ಅಪೂರ್ವವಾದ ನೆಮ್ಮದಿಯುಂಟು. ಕಾಕಾನ ಎದೆಯ ಮೇಲೆ 1965ರ ರಕ್ಷಾ ಪದಕವಿದೆ. ಆ ವರ್ಷದ ಆಗಸ್ಟ್ 5ರಂದು ಸೇನೆಯ ಪಟ್ಟಿಯಲ್ಲಿದ್ದು, ಅಷ್ಟರೊಳಗೆ 180 ದಿನದ ಸೇವೆ ಮುಗಿಸಿದವರಿಗೆ ಅದು ಸಲ್ಲುವುದರಿಂದ, ಫೆಬ್ರವರಿಯ ಮೊದಲ ವಾರಕ್ಕಿಂತ ಈಚೆಗೆ ಅವರು ಸೇನೆ ಸೇರಿರಲಾರರು. 1971ರ ಯುದ್ಧಕ್ಕೆ ಸಂದ ಸಂಗ್ರಾಮ ಪದಕವೂ, 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆಲ್ಲ ದೊರೆತ ಸ್ವಾತಂತ್ರ್ಯದ 25ನೆಯ ವಾರ್ಷಿಕೋತ್ಸವದ ಪದಕವೂ ಮಧ್ಯಕಾಲವನ್ನು ನಿರ್ಣಯಿಸುತ್ತವೆ. ಒಂಬತ್ತು ವರ್ಷದ ದೀರ್ಘಸೇವಾ ಪದಕದ ಮಗ್ಗುಲಲ್ಲಿ ಇಪ್ಪತ್ತು ವರ್ಷದ್ದೂ ತೂಗುತ್ತಿರುವುದರಿಂದ ಉತ್ತರಾವಧಿಯೂ ಕೈಗೆ ಸಿಕ್ಕಿತು. ಪಂಪನಿಗೂ ಇಷ್ಟು ಒಳ್ಳೆಯ ಆಂತರಿಕ ಪ್ರಮಾಣಗಳು ಒದಗಲಿಲ್ಲ.

ಇವುಗಳೊಡನೆ, ಪ್ರತಿಕೂಲ ಹವೆಯ ಸೀಮೆಯಲ್ಲಿ ಇದ್ದುದಕ್ಕಾಗಿ ‘ಹಿಮಾಲಯ’ ಪಟ್ಟಿಯ ಸೈನ್ಯ ಸೇವಾ ಪದಕವನ್ನೂ ಸೇರಿಸಿದರೆ ಬಿರುದಾವಳಿ ಆರಕ್ಕೆ ನಿಲ್ಲುತ್ತದೆ. 1950ರ ಜನವರಿ 26ರಂದು ಸ್ಥಾಪಿತವಾದ, ಸಾವಿತ್ರಿ ಖಾನೋಲ್ಕರ್ ಅವರು ನಾಲ್ಕು ವಜ್ರಾಯುಧಗಳಿಂದ ರೂಪಿಸಿದ ಪರಮವೀರ ಚಕ್ರದ ಪ್ರಸ್ತಾಪ ಇಲ್ಲಿ ಅಪ್ರಸ್ತುತ. ಅದು ಮಾಡಿದವರಿಗೆ ಕೊಡುವಂಥದು, ಕಾಕಾನವು ಇದ್ದವರಿಗೆ ಕೊಡುವಂಥವು. ಆರೂ ಪದಕಗಳು ಸಾರುವುದು ಒಂದೇ ಮಾತು: ಹೆಸರು ಕೂಗಿದಾಗ ಈತ ಹಾಜರಿದ್ದ.

ಹೀಗೆ ಪದಕಗಳ ಕಥೆ ನಿರಪಾಯಕರವಾಗಿದ್ದರೂ ಶರೀರದ ಕಥೆ ಬೇರೆ. ತರಬೇತಿಯ ಮೊದಲ ವಾರದಲ್ಲಿ, ಹಿಂದಿಯ ಗಂಧವೂ ಇಲ್ಲದ ಕಾಕಾ, ಉಸ್ತಾದರು ‘ದಾಹಿನೇ ಮುಡ್’ ಎಂದೊಡನೆ ಆತ್ಮವಿಶ್ವಾಸದಿಂದ ಎಡಕ್ಕೆ ತಿರುಗಿ, ಪಕ್ಕದವನ ಹಣೆಗೆ ತಮ್ಮ ಮುಂದಿನ ಹಲ್ಲೊಂದನ್ನು ಅರ್ಪಿಸಿದರು. ಹಿಮಾಲಯದಲ್ಲಿ, ಪಡಿ ಹೊತ್ತು ಬಂದ ಖಚ್ಚರಿನ ಹಿಂದೆ ನಿಲ್ಲಬಾರದೆಂದು ಹೊಸಬರಿಗೆ ಉಪದೇಶಿಸುತ್ತ, ಉದಾಹರಣೆ ತೋರಿಸಲೆಂದು ಅದರ ಹಿಂದೆಯೇ ನಿಂತು ಎರಡು ಪಕ್ಕೆಲುಬು ಮುರಿಸಿಕೊಂಡರು. 1971ರ ಡಿಸೆಂಬರಿನ ಒಂದು ರಾತ್ರಿ ವಿಮಾನದಾಳಿಯ ಸೈರನ್ ಮೊಳಗಲು, ಕತ್ತಲಲ್ಲಿ ಓಡಿದವರು ಅದೇ ಮಧ್ಯಾಹ್ನ ತಾವೇ ತೋಡಿದ್ದ ಮೋರ್ಚಾದೊಳಗೆ ಬಿದ್ದು ಕಾಲು ಮುರಿದುಕೊಂಡರು.

ಶತ್ರುವಿನ ನೇರ ಕೃತ್ಯದಿಂದ ಗಾಯಗೊಂಡವರಿಗೆ ಪರಾಕ್ರಮ ಪದಕವೆಂಬುದು ಸಲ್ಲುವುದೆಂದು ಮುಂದೆ ತಿಳಿದಾಗ, ಕಾಕಾ ಈ ಮೂರನೆಯ ಗಾಯವನ್ನು ಹಿಡಿದು, ಅದೃಷ್ಟವಶಾತ್ ಕನ್ನಡಿಗರೇ ಆಗಿದ್ದ ಡಾಕ್ಟರರ ಮುಂದೆ ಪೂರ್ವಪಕ್ಷವನ್ನು ಮಂಡಿಸಿದರಂತೆ:

“ವಿಮಾನ ಬರದಿದ್ರ ಸೈರನ್ ಆಗ್ತಿದ್ದಿಲ್ಲ, ಸೈರನ್ ಆಗದಿದ್ರ ನಾ ಓಡ್ತಿದ್ದಿಲ್ಲ, ಓಡದಿದ್ರ ಬೀಳ್ತಿದ್ದಿಲ್ಲ. ಅಂದಮ್ಯಾಗ ಕೆಡವಿದಾಂವ ಯಾರ್ರಿ ಸಾಹೇಬ್ರ?”

“ತೆಗ್ಗು ತೋಡಿದಾಂವ ಯಾರಪಾ?”

“ನಾನರೀ.”

“ಮುಗೀತಲ್ಲ.”

ನ್ಯಾಯಶಾಸ್ತ್ರವೂ ಡಾಕ್ಟರರ ಪಕ್ಷವೇ. ಗಡಿಗೆಗೆ ಕುಂಬಾರ ಕಾರಣನೇ ಹೊರತು ಮಣ್ಣು ಹೊತ್ತು ತಂದ ಕತ್ತೆ ಕಾರಣವಲ್ಲ, ಅದು ಅನ್ಯಥಾಸಿದ್ಧ. ಪ್ರಕೃತದಲ್ಲಿ ಶತ್ರುವಿಮಾನವು ಕತ್ತೆಯ ಸ್ಥಾನದಲ್ಲಿದ್ದು, ಕಾಕಾ ಕುಂಬಾರರೂ ಆಗಿ ಗಡಿಗೆಯೂ ಆದದ್ದು ಈ ಪ್ರಸಂಗದ ವೈಶಿಷ್ಟ್ಯ.

ಆದರೂ ಇಂದು ಅವರ ಎದೆಯ ಮೇಲೆ ಏಳು ಪದಕಗಳು ತೂಗುತ್ತಿರುವುದರಿಂದ ಪಾಠಪರಿಷ್ಕರಣದ ಪ್ರಶ್ನೆಯೊಂದು ಏಳುತ್ತದೆ. ಏಳನೆಯದು ಲೋಹದ್ದಲ್ಲ, ಹಗುರವಾದ ಮರದ್ದು. ಹುಣಸೆಬೀಜದ ಸರಿಯಿಂದ ಉಬ್ಬಿಸಿ, ಮೇಲೆ ಕಡುಬಣ್ಣ ಬಳಿದ ಅದರ ರೀತಿಯನ್ನು ನೋಡಿದರೆ ಕಿನ್ನಾಳದ ಚಿತ್ರಗಾರರ ಕೈಕೆಲಸವೆಂಬುದು ಸ್ಪಷ್ಟ. ಪ್ರಕ್ಷಿಪ್ತವೆಂಬುದರಲ್ಲಿ ಸಂದೇಹವಿಲ್ಲ, ಪ್ರಕ್ಷೇಪಕಾರರು ಕಾಕಾನ ಧರ್ಮಪತ್ನಿ. ವಿಚಾರಿಸಿದಾಗ ಆಕೆ ಹೇಳಿದ್ದು ಇಷ್ಟೇ: “ಸರಕಾರದಾವ್ರು ವರ್ಷ ಎಣಿಸ್ಯಾರ, ನಾ ಹೊಲಿಗಿ ಎಣಿಸೀನಿ.” ಪ್ರಕ್ಷೇಪಗಳು ಮೂಲಕ್ಕಿಂತ ಸರಸವಾಗಿರುವ ನಿದರ್ಶನಗಳು ನಮ್ಮ ಸಾಹಿತ್ಯದಲ್ಲಿ ಇಲ್ಲದಿಲ್ಲ.

ಇನ್ನು ಸಿದ್ಧಾಂತ. ಈ ಸೀಮೆಯ ಊರೂರಿನಲ್ಲಿ ಕಾಣುವ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಆದರೆ ಆ ಗೌರವಕ್ಕೆ ಸಾಯುವುದೊಂದು ಅನಿವಾರ್ಯವಾದ ಪೂರ್ವಸಿದ್ಧತೆ. ಬದುಕಿ, ಬಿದ್ದು, ಎದ್ದು, ಮರುದಿನ ಮತ್ತೆ ಸಾಲಿನಲ್ಲಿ ನಿಂತವನಿಗೆ ಕಲ್ಲು ನಿಲ್ಲಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಸೇನೆಯ ಬಹುಪಾಲು ಅಂಥವರೇ ಆದ್ದರಿಂದ ಆ ಕೊರತೆಯನ್ನು ಗಣರಾಜ್ಯವು ತುಂಬಿತು. ಅದರ ಲಾಂಛನವಾದ ಸಿಂಹಗಳು ಅಶೋಕನವು. ಕಳಿಂಗದ ತರುವಾಯ ಯುದ್ಧವನ್ನೇ ತೊರೆದ ಆ ಅರಸನು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳ ಮೇಲೆ, ಉದ್ಯಮಶೀಲರಾದರೆ ದೊಡ್ಡವರಂತೆ ಚಿಕ್ಕವರೂ ಸ್ವರ್ಗವನ್ನು ಪಡೆಯಬಲ್ಲರೆಂಬ ಅರ್ಥದ ಮಾತನ್ನು ಕೊರೆಯಿಸಿದ್ದಾನೆ. ಇಪ್ಪತ್ತು ವರ್ಷ ಬಂದೂಕು ಹೊತ್ತೂ ತನ್ನನ್ನಲ್ಲದೆ ಬೇರೊಂದು ಜೀವಿಯನ್ನು ಗಾಯಗೊಳಿಸದ (ಆ ಪಕ್ಕದವನ ಹಣೆಯೊಂದನ್ನು ಬಿಟ್ಟರೆ) ಮಿಲಿಟರಿ ಕಾಕಾ ಆ ಶಾಸನದ ಅತ್ಯಂತ ನಿಷ್ಠಾವಂತ ಅನುಯಾಯಿಯೆಂದು ನಾವು ಸಾಧಿಸುತ್ತೇವೆ.

ಫಲಶ್ರುತಿ: ಈ ಮೀಮಾಂಸೆಯನ್ನು ನಿತ್ಯವೂ ಪಠಿಸುವವನು ಖಚ್ಚರಿನ ಹಿಂದೆ ನಿಲ್ಲನು, ಬಲಕ್ಕೆಂದರೆ ಬಲಕ್ಕೇ ತಿರುಗುವನು, ಅವನ ಪಿಂಚಣಿ ತಿಂಗಳ ಮೊದಲ ತಾರೀಖಿಗೇ ಜಮೆಯಾಗುವುದು, ತಾನು ತೋಡಿದ ತೆಗ್ಗಿಗೆ ತಾನೇ ಬಿದ್ದರೂ, ಕನಿಷ್ಠಪಕ್ಷ ಕಾರಣವನ್ನು ಅನ್ಯತ್ರ ಅರಸನು.