ಇಟಗಿಯ ಪಡಸಾಲೆಗೊಂದು ಪಂಪ್ ಬಂದೂಕು

ಬಂದೂಕಿನ ಗುಣದೋಷ ಹೇಳುವವರು ಬಂದೂಕಿನಿಂದ ಶುರು ಮಾಡುತ್ತಾರೆ. ಕೊಪ್ಪಳ ಜಿಲ್ಲೆಯ ನಮ್ಮ ಇಟಗಿಯಲ್ಲಿ ಮಾತ್ರ ತಲಬಾಗಿಲಿನಿಂದ ಶುರು ಮಾಡಬೇಕು. ನಮ್ಮ ಕಾಕಾನ ಮನೆಯ ತಲಬಾಗಿಲು ಒಬ್ಬರೇ ಮುಚ್ಚಿದರೆ ಉಂಡ ರೊಟ್ಟಿ ಕರಗಿಹೋಗುತ್ತದೆ. ತೇಗದ ಜೋಡು ಕದ, ಮೈತುಂಬ ಕಬ್ಬಿಣದ ಗುಬ್ಬಿ, ಒಳಗೆ ಜಾಲಿ ಕಟ್ಟಿಗೆಯ ಅಗಳಿ. ಈ ಅಗಳಿ ಹಗಲೆಲ್ಲ ಗೋಡೆಯೊಳಗಿನ ಕಿಂಡಿಯಲ್ಲಿ ಮಲಗಿರುತ್ತದೆ. ರಾತ್ರಿ ಕಾಕಾ ಅದನ್ನು ಹೊರಗೆಳೆದು ಆಚೆ ಗೋಡೆಯ ಕಿಂಡಿಗೆ ದೂಡುತ್ತಾರೆ. ಆಗ ಏಳುವ ಗರ್ ಎಂಬ ಸದ್ದು ಓಣಿಗೆಲ್ಲ ಕೇಳುತ್ತದೆ. ಎದುರು ಮನೆಯ ಅಬಚಿ ಅದನ್ನು ಕೇಳಿಯೇ ತನ್ನ ಟೀವಿ ಬಂದ್ ಮಾಡುವುದು.

ಈ ಬಾಗಿಲಿನ ಮೇಲೆ ನಂಬಿಕೆ ಇಲ್ಲದವನು ಒಬ್ಬನೇ, ಡಲ್ಲಾಸಿನಲ್ಲಿರುವ ನನ್ನ ಅಕ್ಕನ ಮಗ. ಅವನಿಗೆ ಊರಿನ ಚಿಂತೆ ಹತ್ತುವುದು ಶನಿವಾರ ಬೆಳಿಗ್ಗೆ, ಅಂದರೆ ನಾವು ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ. ಬಂಗಾರದ ರೇಟು ಏರಿದ್ದು, ಅಲ್ಲೆಲ್ಲೋ ಕಳವಾದದ್ದು, ಕಾಕಾ ಮತ್ತು ಕಾಕು ಇಬ್ಬರೇ ಇರುವುದು, ಎಲ್ಲ ಕೂಡಿಸಿ ಒಂದು ತೀರ್ಮಾನಕ್ಕೆ ಬಂದಿದ್ದ. "ಮಾವಾ, ಮುತ್ಯಾನ ಆ ಜೋಡುನಳಿಗಿ ಬಂದೂಕು ಮ್ಯೂಸಿಯಮ್ಮಿಗೆ ಕೊಡ್ರಿ. ಒಂದು ಕಾಂಪ್ಯಾಕ್ಟ್ ಪಂಪ್ ಆ್ಯಕ್ಷನ್ ತಗೋರಿ. ಮನಿ ಕಾಯಾಕ ಅದಕ್ಕಿಂತ ಚಲೋದು ಇಲ್ಲ." ಬೆನ್ನಿಗೇ ವಿಡಿಯೋಗಳೂ ಬಂದವು. ಹೀಗೆ ಏಕಸದಸ್ಯ ಸಮಿತಿಯಾಗಿ ನನ್ನ ನೇಮಕವಾಯಿತು.

ಬಂದೂಕಿಗೆ ಅನ್ಯಾಯ ಮಾಡಬಾರದು. ಪಂಪ್ ಆ್ಯಕ್ಷನ್ ನಿಜಕ್ಕೂ ಜಾಣ ಯಂತ್ರ. ನಳಿಗೆಯ ಕೆಳಗೆ ಇನ್ನೊಂದು ಕೊಳವೆ, ಅದರೊಳಗೆ ನಾಲ್ಕೈದು ತೋಟಾ ಒಂದರ ಹಿಂದೊಂದು ಸಾಲಾಗಿ ನಿಂತಿರುತ್ತವೆ. ಮುಂಗೈಯ ಹಿಡಿಯನ್ನು ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ, ಮುಂದಕ್ಕೆ ದೂಡಿದರೆ ಹೊಸದು ಒಳಗೆ. ನಮ್ಮ ಹರಿಜನಕೇರಿಯ ಮುಂದಿನ ಬೋರಿನ ಕೈಪಂಪನ್ನು ಅಡ್ಡ ಮಲಗಿಸಿದರೆ ಕೆಲಸ ಹೆಚ್ಚುಕಡಿಮೆ ಅದೇ. ವ್ಯತ್ಯಾಸವೇನೆಂದರೆ ಬೋರಿನದು ಬೇಸಿಗೆಯಲ್ಲಿ ಕೈಕೊಡುತ್ತದೆ, ಇದು ಕೈಕೊಡುವುದು ಅಪರೂಪ. ಅಮೆರಿಕದ ಜಾನ್ ಬ್ರೌನಿಂಗ್ ಕಲ್ಪಿಸಿದ 1897ರ ವಿಂಚೆಸ್ಟರ್ ಮೊದಲನೇ ಮಹಾಯುದ್ಧದ ಕಂದಕಗಳಿಗೂ ಇಳಿದಿತ್ತು. 1950ರಲ್ಲಿ ಬಂದ ರೆಮಿಂಗ್ಟನ್ 870 ಅಲ್ಲಿಯ ಪೊಲೀಸ್ ಗಾಡಿಗಳಲ್ಲಿ ಖಾಯಂ ಪ್ರಯಾಣಿಕ. ನಮ್ಮ ಸರಕಾರಿ ಆಯುಧ ಕಾರ್ಖಾನೆಗಳೂ ಹನ್ನೆರಡು ಬೋರಿನ ಪಂಪ್ ಬಂದೂಕು ಮಾಡಿವೆ. ಆದ್ದರಿಂದ ಸಿಗುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ.

ತಕರಾರು ಇರುವುದು ಕಾಂಪ್ಯಾಕ್ಟ್ ಎಂಬುದರಲ್ಲಿ. ಅಳಿಯನ ಮನೆಯಲ್ಲಿ ಓಡಾಡುವ ಕಾರಿಡಾರು ಇಕ್ಕಟ್ಟು, ತಿರುವು ಬಹಳ. ಅಲ್ಲಿ ಉದ್ದ ನಳಿಗೆ ಬಾಗಿಲಚೌಕಟ್ಟಿಗೆ ಬಡಿಯುತ್ತದೆ, ಅದಕ್ಕೇ ಹದಿನೆಂಟು ಇಂಚಿನದು ಬೇಕು. ಅಮೆರಿಕದ 1934ರ ಕಾಯಿದೆ ಸಾಮಾನ್ಯ ಶಾಟ್‌ಗನ್ನಿಗೆ ಹಾಕಿದ ಗೆರೆಯೂ ಹದಿನೆಂಟೇ. ನಮ್ಮ 1959ರ ಆಯುಧ ಕಾಯಿದೆ ಹಾಗಲ್ಲ. ರಕ್ಷಣೆಗೆಂದು ನುಣುಪು ನಳಿಗೆಯ ಬಂದೂಕಿಗೆ ಲೈಸೆನ್ಸ್ ಕೇಳಬೇಕಾದರೆ ನಳಿಗೆ ಇಪ್ಪತ್ತು ಇಂಚಿಗೆ ಕಡಿಮೆ ಇರಕೂಡದು ಎಂದು ಹದಿಮೂರನೇ ಕಲಮಿನಲ್ಲಿ ಬರೆದಿದೆ. ಅದಕ್ಕಿಂತ ಗಿಡ್ಡದ್ದು ಬೇರೆಯೇ ವರ್ಗಕ್ಕೆ ಹೋಗುತ್ತದೆ, ನಮ್ಮಂಥವರ ಅರ್ಜಿಗೆ ಅದು ಸಿಗುವಂಥದ್ದಲ್ಲ. ಇದ್ದದ್ದನ್ನು ಗರಗಸದಿಂದ ಕೊಯ್ದು ಗಿಡ್ಡ ಮಾಡಿದರೆ ಆರನೇ ಕಲಮು ಕಾಯುತ್ತಿರುತ್ತದೆ. ಎರಡೇ ಇಂಚಿನ ಸಲುವಾಗಿ ಅಳಿಯನ ಅರ್ಧ ಯೋಜನೆ ಬಿದ್ದುಹೋಯಿತು. ಕಾಕಾಗೆ ಹೇಳಿದೆ. "ಎರಡು ಇಂಚಿನ ಸಲುವಾಗಿ ನಾವೂ ನಮ್ಮ ಬದುವಿನ ಮ್ಯಾಲ ಹದಿನೆಂಟು ವರ್ಷ ಕೋರ್ಟಿಗೆ ಅಡ್ಡಾಡೇವಿ" ಎಂದರು. ಕಾಯಿದೆಯ ಬಗ್ಗೆ ಅವರಿಗೆ ಗೌರವ ಹೆಚ್ಚಾದಂತೆ ಕಂಡಿತು.

ಇನ್ನು ಗೋಡೆ. ವಿಡಿಯೋದ ಮನುಷ್ಯ ಅರ್ಧ ಹೊತ್ತು ಮಾತಾಡಿದ್ದು ಗೋಡೆಯ ಬಗ್ಗೆಯೇ. ಹಾರಿಸಿದ ಚರೆ ಹಲಗೆಗೋಡೆಯನ್ನು ತೂರಿ ಪಕ್ಕದ ಕೋಣೆಯ ಮಕ್ಕಳಿಗೆ ತಾಗಬಾರದಲ್ಲ ಎಂಬುದು ಅವನ ಆತಂಕ, ನ್ಯಾಯವಾದದ್ದೇ. ಇಟಗಿಯಲ್ಲಿ ಈ ಹೆದರಿಕೆಯಿಲ್ಲ. ಕಲ್ಲು ಮಣ್ಣಿನ ಎರಡು ಮೊಳ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಒಳಗಿನ ಜಗಳವೇ ಹೊರಗೆ ಕೇಳಿಸುವುದಿಲ್ಲ, ಚರೆ ಎಲ್ಲಿಂದ ಹೋದೀತು? ಒಳಗೇ ಇರುತ್ತದೆ ಎಂಬುದೇ ನಮ್ಮ ಆತಂಕ. ಕಲ್ಲಿನ ಕಂಬ, ಕಡಪದ ಹಾಸು, ಅಡ್ಡಣಿಗೆಯ ಮೇಲೆ ಕಾಕು ತವರಿನಿಂದ ತಂದ ಹಿತ್ತಾಳೆ ಹಂಡೆಗಳು. ಒಂದು ತೋಟಾ ಸುಟ್ಟರೆ ಕಳ್ಳನಿಗೆ ಎಷ್ಟು ಬೀಳುತ್ತದೋ, ಹಂಡೆಗೆ ಎಷ್ಟು ಬೀಳುತ್ತದೋ. ಹಂಡೆಗೆ ಬಿದ್ದರೆ ಮುಂದಿನ ಆತ್ಮರಕ್ಷಣೆ ಕಾಕಾ ಕಾಕುವಿನಿಂದಲೇ ಮಾಡಿಕೊಳ್ಳಬೇಕಾಗುತ್ತದೆ.

ನನ್ನ ವರದಿಯಲ್ಲಿ ಅತಿ ದೊಡ್ಡ ಅಧ್ಯಾಯ ಯಾರು ಎಲ್ಲಿ ಮಲಗುತ್ತಾರೆ ಎಂಬುದು. ಡಲ್ಲಾಸಿನ ಲೆಕ್ಕ ಸರಳ: ಮನೆಯವರು ಕೋಣೆಯೊಳಗೆ ಚಿಲಕ ಹಾಕಿಕೊಂಡಿದ್ದಾರೆ, ಆದ್ದರಿಂದ ಕತ್ತಲಲ್ಲಿ ನಡೆದಾಡುವವನು ಕಳ್ಳ. ಇಟಗಿಯಲ್ಲಿ ಕತ್ತಲಲ್ಲಿ ನಡೆದಾಡುವವರು ಕಳ್ಳರನ್ನು ಬಿಟ್ಟು ಉಳಿದ ಎಲ್ಲರೂ. ಬೇಸಿಗೆಯಲ್ಲಿ ಎಲ್ಲರೂ ಬಂದು ಕೂಡಿದಾಗ ಅರ್ಧ ಜನ ಮಾಳಿಗೆಯ ಮೇಲೆ, ಒಬ್ಬಿಬ್ಬರು ಕಟ್ಟೆಯ ಮೇಲೆ, ಮಕ್ಕಳು ಪಡಸಾಲೆಯಲ್ಲಿ ಅಡ್ಡಾದಿಡ್ಡಿ. ನಡುರಾತ್ರಿ ನೀರು ಕುಡಿಯಲು ಒಬ್ಬ ಏಳುತ್ತಾನೆ, ಎತ್ತಿಗೆ ಮೇವು ಹಾಕಲು ಇನ್ನೊಬ್ಬ. ಬನ್ನಿಕೊಪ್ಪ ಸ್ಟೇಷನ್ನಿನಲ್ಲಿ ರಾತ್ರಿಗಾಡಿ ಇಳಿದ ಬೀಗರು, ಮಲಗಿದವರನ್ನು ಎಬ್ಬಿಸಬಾರದೆಂಬ ಸೌಜನ್ಯದಿಂದ, ಹಿತ್ತಲ ಗೋಡೆ ಹಾರಿ ಬಂದದ್ದೂ ಉಂಟು. ಅಳಿಯನ ವಿಡಿಯೋದಲ್ಲಿ ಪಂಪ್ ಎಳೆದ ಚಕ್-ಚಕ್ ಸದ್ದಿಗೇ ಕಳ್ಳ ಓಡುತ್ತಾನಂತೆ. ನಮ್ಮ ಪಡಸಾಲೆಯಲ್ಲಿ ಆ ಸದ್ದು ಮಾಡಿದರೆ ಐದು ಹಾಸಿಗೆಗಳಿಂದ "ಯಾರಪಾ ಅದು, ಎಲಿಚೀಲ ಹುಡಕಾಕತ್ತೀಯೇನು?" ಎಂಬ ಉತ್ತರ ಬರುತ್ತದೆ.

ಕಾನೂನಿಗೂ ಇಷ್ಟು ವಿವೇಚನೆ ಬೇಕೇ ಬೇಕು. ಹಳೆಯ ದಂಡಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದರೂ ಆತ್ಮರಕ್ಷಣೆಯ ಹಕ್ಕು ಗಟ್ಟಿಯಾಗಿಯೇ ಇದೆ. ಹೊತ್ತು ಮುಳುಗಿದ ಮೇಲೆ ಕನ್ನ ಹಾಕಿ ಬಂದವನ ವಿಷಯದಲ್ಲಿ ಅದು ಪ್ರಾಣ ತೆಗೆಯುವವರೆಗೂ ಹೋದೀತು. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಪೆಟ್ಟು ಕೊಡುವಂತಿಲ್ಲ ಎಂಬ ಷರತ್ತು ಎಂದೂ ಬೆನ್ನು ಬಿಡುವುದಿಲ್ಲ. ಎಷ್ಟು ಬೇಕಾಗಿತ್ತು ಎಂಬುದನ್ನು ಕತ್ತಲಲ್ಲಿ ಅರ್ಧ ನಿಮಿಷದಲ್ಲಿ ಕಾಕಾ ನಿರ್ಧರಿಸಬೇಕು, ಬೆಳಕಿನಲ್ಲಿ ಹತ್ತು ವರ್ಷ ಕೂತು ನ್ಯಾಯಾಲಯ ನಿರ್ಧರಿಸುತ್ತದೆ.

ಕಾಕಾನ ಬಂದೂಕನ್ನೂ ಒಮ್ಮೆ ನೋಡಬೇಕು. ಖಂಡೇಪೂಜೆಯ ಹಿಂದಿನ ದಿನ ಅದು ಟ್ರಂಕಿನಿಂದ ಹೊರಬರುತ್ತದೆ. ಕಾಕಾ ಗೋಣಿತಟ್ಟು ಹಾಸಿ ಕೂತು, ಮೇಲಿನ ಕೀಲಿ ಹೆಬ್ಬೆರಳಿನಿಂದ ಸರಿಸಿ, ಅದನ್ನು ನಡುವೆ ಮುರಿಯುತ್ತಾರೆ. ತೋಟಾ ಇಲ್ಲವೆಂದು ಗೊತ್ತಿದ್ದರೂ ಎರಡೂ ತೂತಿನಲ್ಲಿ ಕಿರುಬೆರಳು ಹಾಕಿ ನೋಡುತ್ತಾರೆ. ನನಗೂ ಹಾಕಿ ನೋಡಲು ಹೇಳುತ್ತಾರೆ. ಆಮೇಲೆ ಹಳೇ ಧೋತರದ ಚೂರನ್ನು ಸಲಾಕೆಗೆ ಸುತ್ತಿ, ಎಣ್ಣೆ ಅದ್ದಿ, ಒಂದು ತುದಿಯಿಂದ ದೂಡುತ್ತಾರೆ. ಮೊದಲ ಚೂರು ಕಂದು ಬಣ್ಣಕ್ಕೆ ಬರುತ್ತದೆ, ಎರಡನೆಯದು ಬೂದಿ, ಮೂರನೆಯದು ಧೋತರದ್ದೇ ಬಣ್ಣ. ನಳಿಗೆಯನ್ನು ಬೆಳಕಿಂಡಿಯ ಕಡೆ ಹಿಡಿದು ಒಳಗೆ ಇಣುಕಿದರೆ ಬೆಳ್ಳಿಯ ಉಂಗುರಗಳು ಒಂದರೊಳಗೊಂದು ದೂರದವರೆಗೆ ಹೋಗುತ್ತವೆ. ಕುಂದದ ಒಂದು ಕಡೆ, ಅವರಪ್ಪನ ಕೆನ್ನೆ ತಾಗಿ ತಾಗಿ, ಕಟ್ಟಿಗೆ ಕಪ್ಪಾಗಿದೆ. ಮರುದಿನ ಕುಂಕುಮ, ಚೆಂಡುಹೂವು, ಕಾಯಿ. ಸಂಜೆ ಮತ್ತೆ ಟ್ರಂಕಿಗೆ. ಇದನ್ನು ಕೊಡಗಿನವರ ಮುಂದೆ ಹೇಳಲು ನಾಚಿಕೆ. ಅವರು ಕೈಲ್‌ಪೊಳ್ದು ಹಬ್ಬದಲ್ಲಿ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡುತ್ತಾರೆ, ಲೈಸೆನ್ಸಿನ ವಿನಾಯಿತಿಯನ್ನೂ 2029ರವರೆಗೆ ಪಡೆದಿದ್ದಾರೆ.

ವಿನಾಯಿತಿ ಇಲ್ಲದ ನಮಗೆ ಕಾಗದವೇ ಬೇಟೆ. ನಮೂನೆ ತುಂಬಬೇಕು, ಪೊಲೀಸರ ವರದಿ ಬರಬೇಕು, 2016ರ ನಿಯಮದ ಪ್ರಕಾರ ಬಂದೂಕು ಹಿಡಿಯುವ ತರಬೇತಿಯ ಪ್ರಮಾಣಪತ್ರ ಲಗತ್ತಿಸಬೇಕು, ಎಲ್ಲಿ ಭದ್ರವಾಗಿ ಇಡುತ್ತೀರಿ ಎಂದು ಬರೆದುಕೊಡಬೇಕು. ಕೊನೆಗೆ ಕೊಪ್ಪಳದ ಜಿಲ್ಲಾಧಿಕಾರಿಗಳ ಮೇಜು. 2019ರ ತಿದ್ದುಪಡಿಯ ಮೇಲೆ ಲೈಸೆನ್ಸಿನ ಆಯುಷ್ಯ ಐದು ವರ್ಷ, ಒಬ್ಬರಿಗೆ ಮೂರರ ಬದಲು ಎರಡೇ ಆಯುಧ. ಇಷ್ಟೆಲ್ಲ ಮಾಡಿ ತಂದ ಬಂದೂಕು ಕಳುವಾಯಿತೆಂದರೆ ಬಂಗಾರ ಕಳೆದವರಿಗಿಂತ ಹೆಚ್ಚು ಪ್ರಶ್ನೆ ಬಂದೂಕು ಕಳೆದವರಿಗೆ. ಆದ್ದರಿಂದ ಕಾಕಾ ಮದುವೆಗೆ ಪರವೂರಿಗೆ ಹೋದಾಗ ಬಂಗಾರ ಕಾಕುವಿನ ಮೈಮೇಲೆ ಹೋಗುತ್ತದೆ, ಬಂದೂಕು ಕಾಯಲು ಮನೆಯಲ್ಲಿ ಒಬ್ಬರನ್ನು ಬಿಟ್ಟು ಹೋಗಬೇಕು. ಎರಡು ಮದುವೆ ನಾನೇ ತಪ್ಪಿಸಿಕೊಂಡಿದ್ದೇನೆ. ಇದರ ಜೊತೆ ಇನ್ನೊಂದು ಬಂದರೆ ಸ್ವಂತ ಮಗನ ಮದುವೆಯೂ ಕಷ್ಟ.

ಹಾಗಂತ ಈ ಸೀಮೆಯವರು ಆಯುಧಕ್ಕೆ ಹೆದರುವವರಲ್ಲ. 1857ರಲ್ಲಿ ಹತ್ಯಾರಗಳನ್ನು ದಾಖಲಿಸಿ ಒಪ್ಪಿಸಿರೆಂದು ಕಂಪನಿ ಸರಕಾರ ಹೇಳಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಕಂಪನಿಯವರು ಊರನ್ನೇ ಸುಟ್ಟರು, ಹಿಡಿದವರನ್ನು ಗಲ್ಲಿಗೇರಿಸಿದರು. ಮರುವರ್ಷ ಮುಂಡರಗಿಯ ಭೀಮರಾಯ ಮತ್ತು ಹಮ್ಮಿಗೆಯ ಕೆಂಚನಗೌಡ ಕೊಪ್ಪಳದ ಕೋಟೆ ಹಿಡಿದು, ಅಲ್ಲೇ ಹೋರಾಡಿ ಸತ್ತರು. ತೊಂಬತ್ತು ವರ್ಷದ ಮೇಲೆ ರಜಾಕಾರರ ಕಾಲ. ಇಟಗಿ ಆಗ ನಿಜಾಮನ ಯಲಬುರ್ಗಾ ತಾಲೂಕಿನಲ್ಲಿ, ಮುಂಡರಗಿ ಮುಂಬಯಿ ಪ್ರಾಂತದಲ್ಲಿ. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ಶಿಬಿರ ಹೂಡಿ ಹುಡುಗರನ್ನು ಕೂಡಿಸಿದ್ದರು. ನಿಜಾಮ ಶರಣಾದ 1948ರ ಸೆಪ್ಟೆಂಬರ್ 17ರವರೆಗೂ ಮನೆ ಕಾಯುವುದೆಂದರೆ ಈ ಕಡೆಯ ಹಳ್ಳಿಗಳಲ್ಲಿ ಊರು ಕಾಯುವುದೇ ಆಗಿತ್ತು: ಅಗಸಿ ಮುಚ್ಚಿ, ಹುಡೇವಿನ ಮೇಲೆ ಪಾಳಿಯಂತೆ ಕೂತು, ಪಕ್ಕದಲ್ಲಿ ಕವಣೆಕಲ್ಲಿನ ಗುಂಪಿ. ಕಾಕಾಗೆ ಇದು ಅವರಪ್ಪ ಹೇಳಿದ ಸುದ್ದಿ. ಎಷ್ಟು ಜನ ಎಚ್ಚರ ಇದ್ದರು ಎಂಬುದು ಆ ಕಥೆಯಲ್ಲಿ ಬರುತ್ತದೆ, ಎಷ್ಟು ಬಂದೂಕು ಇದ್ದವು ಎಂಬುದು ಬರುವುದಿಲ್ಲ.

ಊರಿನ ಖ್ಯಾತ ಸೈನಿಕನ ವಿಷಯವೂ ವಿಚಿತ್ರವೇ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ದಂಡು, ಆನೆ, ಕುದುರೆ ಎಲ್ಲ ಕೈಯಲ್ಲಿತ್ತು. ಅಂಥವನು 1112ರಲ್ಲಿ ಇಟಗಿಯಲ್ಲಿ ಕೋಟೆ ಕಟ್ಟಿಸಲಿಲ್ಲ. ಶಿವನಿಗೆ ಗುಡಿ ಕಟ್ಟಿಸಿದ, ಸುತ್ತಲೂ ತಂದೆತಾಯಿಯ ಹೆಸರಿನಲ್ಲಿ ಇನ್ನಷ್ಟು. ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯಿತು. ರಂಗಮಂಟಪದ ಕಂಬಗಳು ಕನ್ನಡಿಯ ಹೊಳಪಿನವು, ಸಂಜೆ ಬಿಸಿಲಿಗೆ ನಮ್ಮದೇ ಮುಖ ಕಾಣುತ್ತದೆ. ಅಳಿಯ ಒಮ್ಮೆ ಊರಿಗೆ ಬಂದಾಗ ಅಲ್ಲಿ ಕೂತು, ಇಲ್ಲಿ ಸಿಸಿಟಿವಿ ಎಲ್ಲೆಲ್ಲಿ ಹಾಕಬೇಕು ಎಂದು ಲೆಕ್ಕ ಮಾಡಿದ್ದ. ಹುಡುಗನ ಸ್ವಭಾವ.

"ಕಳ್ಳ ಬ್ಯಾಡ, ಕಾಡುಪ್ರಾಣಿ?" ಎಂದು ಅಳಿಯ ಪಟ್ಟು ಬದಲಿಸಿದ. ಕುಕನೂರು ಯಲಬುರ್ಗಾ ಕಡೆ ಚಿಗರಿ ಹಿಂಡು ಹೆಸರು ಕಡಲೆ ಹೊಲಕ್ಕೆ ನುಗ್ಗುವುದು ನಿಜ, ಗಂಗಾವತಿ ಗುಡ್ಡಗಳಲ್ಲಿ ಕರಡಿ ಚಿರತೆ ಇರುವುದೂ ನಿಜ. ಚಿಗರಿ, ಕರಡಿ, ಚಿರತೆ, ತೋಳ ಎಲ್ಲವೂ 1972ರ ವನ್ಯಜೀವಿ ಕಾಯಿದೆಯ ಒಂದನೇ ಅನುಸೂಚಿಯಲ್ಲಿ ಹಾಯಾಗಿವೆ. ಬೆಳೆ ತಿನ್ನುವ ಚಿಗರಿಗೆ ಬಂದೂಕು ತೋರಿಸಿದವನೇ ಜೈಲಿಗೆ. ಅದಕ್ಕೆ ಕಾಕಾ ಹೊಲದ ಸುತ್ತ ಹಳೇ ಸೀರೆ ಕಟ್ಟಿಸಿದ್ದಾರೆ. ಚಿಗರಿ ಮೊದಲ ವರ್ಷ ಹೆದರಿದವು, ಈಗ ಸೀರೆಯ ನೆರಳಿಗೆ ಮಲಗುತ್ತವೆ.

ವರದಿ ಬರೆದು ಕಳಿಸಿದೆ. ಪಂಪ್ ಆ್ಯಕ್ಷನ್: ಯಂತ್ರವಾಗಿ ಉತ್ತಮ. ಗಿಡ್ಡ ನಳಿಗೆ: ಕಾನೂನು ಒಪ್ಪುವುದಿಲ್ಲ. ಉದ್ದ ನಳಿಗೆಯದು ಇದ್ದೇ ಇದೆ, ಪೂಜೆಗೆ ಸಾಕು. ಶಿಫಾರಸು: ಅಗಳಿಯ ತುದಿಗೆ ಗೆದ್ದಲು ಹತ್ತಿದೆ, ಬಡಿಗೇರನ್ನು ಕರೆಸುವುದು; ಹಿತ್ತಲಿಗೆ ಒಂದು ದೀಪ; ಮುಧೋಳದ ತಳಿಯ ಒಂದು ನಾಯಿಮರಿ ಸಿಕ್ಕರೆ ನೋಡುವುದು. ಅಳಿಯನಿಗೆ ಸಮಾಧಾನವಾಗಲಿಲ್ಲ. ಕೊನೆಯ ಬಾಣ ಬಿಟ್ಟ. ಪ್ರತಿ ಚುನಾವಣೆಗೂ ಲೈಸೆನ್ಸಿನವರು ಬಂದೂಕನ್ನು ಠಾಣೆಗೆ ಜಮಾ ಮಾಡಬೇಕಂತಲ್ಲ, 2023ರ ವಿಧಾನಸಭೆಗೆ ಆಯಿತು, 2024ರ ಲೋಕಸಭೆಗೆ ಆಯಿತು, ಪಂಚಾಯ್ತಿಯದು ಬರುತ್ತದೆ. ಪೇಪರಿನಲ್ಲಿಯೇ ಪ್ರಕಟಣೆ ಹಾಕುತ್ತಾರೆ. ಅಷ್ಟು ದಿನ ಮನೆಯಲ್ಲಿ ಬಂದೂಕಿಲ್ಲ ಎಂದು ಇಡೀ ಜಿಲ್ಲೆಯ ಕಳ್ಳರಿಗೆ ಗೊತ್ತಿರುತ್ತದೆ. ಆಗ ಬಂದರೆ?

ಫೋನು ಸ್ಪೀಕರಿನಲ್ಲಿತ್ತು. ಕಾಕಾ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಆಗ ಅವರಿಗೆ ಪುರಸೊತ್ತು ಎಲ್ಲೈತಿ ತಮ್ಮಾ? ಪ್ರಚಾರಕ್ಕ ಹೋಗಿರ್ತಾರ."